ವಿಚ್ಛೇದನದ ನಂತರ ಮಕ್ಕಳ ಜೊತೆ ವಿದೇಶಕ್ಕೆ: ಅಲ್ಲಿನ ಶಾಲೆಗಳನ್ನು ಹೋಲಿಸುವುದು ಹೇಗೆ?

ನಾನು ಹಾಸನದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಮಗಳು ಏಳನೇ ತರಗತಿ, ಮಗ ಎರಡನೇ ತರಗತಿ. ಪರಸ್ಪರ ಒಪ್ಪಿಗೆಯ ಮೇಲೆ ವಿಚ್ಛೇದನ ಆಗಿದೆ. ಮಕ್ಕಳು ನನ್ನ ಹತ್ತಿರ ಇದ್ದಾರೆ, ಅವರಪ್ಪ ಸಕಲೇಶಪುರದ ಕಡೆ ಕಾಫಿ ಎಸ್ಟೇಟ್‌ನಲ್ಲಿ ಕೆಲಸ ಮಾಡುತ್ತಾರೆ. ನರ್ಸ್ ಕೆಲಸಕ್ಕೆ ಇಂಗ್ಲೆಂಡ್, ಜರ್ಮನಿ, ದುಬೈ ಮೂರೂ ಕಡೆ ದಾರಿ ಇತ್ತು. ಹಾಗಾಗಿ ಮೂರೂ ಕಡೆಯ ಶಾಲೆಗಳ ಬಗ್ಗೆ ಕೂತು ಓದಿದೆ, ಕೇಳಿದೆ, ಕೊನೆಗೆ ಇಂಗ್ಲೆಂಡ್ ಅಂತ ತೀರ್ಮಾನ ಮಾಡಿದೆ. ನನ್ನ ಹಾಗೇ ಒಂಟಿಯಾಗಿ ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ಇದು ಉಪಯೋಗಕ್ಕೆ ಬರಬಹುದು.

ಎಲ್ಲರೂ ಮೊದಲು ಕೇಳುವುದು, ಯಾವ ದೇಶದ ಶಿಕ್ಷಣ ಚೆನ್ನಾಗಿದೆ ಅಂತ. ಅದನ್ನು ಸ್ವಲ್ಪ ಪಕ್ಕಕ್ಕಿಡಿ. ಗಂಡ ಹೆಂಡತಿ ಇಬ್ಬರೂ ಹೋಗುವವರಿಗೆ ಆ ಪ್ರಶ್ನೆ ಸರಿ. ಒಬ್ಬರೇ ಹೋಗುವವರು ಕೇಳಬೇಕಾದ್ದು ಬೇರೆಯೇ ಇದೆ. ನನ್ನ ಮಗು ಅಲ್ಲಿ ಯಾವ ತರಗತಿಗೆ ಸೇರುತ್ತದೆ? ಶಾಲೆ ಬಿಟ್ಟಾಗ ಗೇಟಿನ ಹತ್ತಿರ ಯಾರಿರುತ್ತಾರೆ? ಅಪ್ಪನನ್ನು ಯಾವಾಗ ನೋಡುತ್ತದೆ? ಅಲ್ಲಿ ಸರಿಹೋಗದಿದ್ದರೆ ವಾಪಸ್ ಬಂದು ಎಲ್ಲಿ ಓದುತ್ತದೆ?

ಮೊದಲು ಕೋರ್ಟ್ ಆದೇಶ ಓದಿ

ಶಾಲೆಯ ಮಾತಿಗೆ ಕೋರ್ಟ್ ಆದೇಶ ಯಾಕೆ ಅನ್ನಿಸಬಹುದು. ಯಾವ ದೇಶ, ಯಾವ ತಿಂಗಳು ಅನ್ನುವುದನ್ನು ಅರ್ಧ ತೀರ್ಮಾನ ಮಾಡುವುದೇ ಆ ಕಾಗದ. ಮಕ್ಕಳನ್ನು ಹೊರದೇಶಕ್ಕೆ ಕರೆದುಕೊಂಡು ಹೋಗಲು ಅನುಮತಿ ಅದರಲ್ಲಿ ಸ್ಪಷ್ಟವಾಗಿ ಇದೆಯಾ ನೋಡಿ. ಇಲ್ಲದಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಡಿಕ್ರಿ ಆದ ಮೇಲೂ ಮಕ್ಕಳ ವಿಷಯದ ಆದೇಶವನ್ನು ಬದಲಾಯಿಸಿಕೊಡಿ ಅಂತ ಕೇಳಬಹುದು. ಅದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು, ಮೊದಲೇ ಶುರು ಮಾಡಿ.

ಮಕ್ಕಳ ಪಾಸ್‌ಪೋರ್ಟ್‌ಗೆ ತಂದೆ ತಾಯಿ ಇಬ್ಬರೂ ಸಹಿ ಮಾಡುವುದು ಅನೆಕ್ಷರ್ ಡಿ ಅನ್ನುವ ಫಾರಂಗೆ. ಒಬ್ಬರ ಒಪ್ಪಿಗೆ ಸಿಗದಿದ್ದರೆ ಅನೆಕ್ಷರ್ ಸಿ. ಹಾಸನದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗುವಾಗ ಆದೇಶದ ಪ್ರಮಾಣೀಕೃತ ಪ್ರತಿ ಕೈಯಲ್ಲಿರಲಿ. ಒಪ್ಪಿಗೆ ಕೇಳುವುದು ಅಲ್ಲಿಗೇ ಮುಗಿಯುವುದಿಲ್ಲ. ಕೆನಡಾಕ್ಕೆ ಕಾಯಂ ವಾಸಕ್ಕೆ ಹೋಗುವುದಾದರೆ ಜೊತೆಗೆ ಬರದ ತಂದೆ ಅಥವಾ ತಾಯಿ ಐ.ಎಂ.ಎಂ. 5604 ಫಾರಂಗೆ ಸಹಿ ಮಾಡಬೇಕು. ಆಸ್ಟ್ರೇಲಿಯಾದ್ದು ಫಾರಂ 1229. ದುಬೈಗೆ ತಾಯಿಯ ಹೆಸರಿನಲ್ಲಿ ಮಕ್ಕಳ ವೀಸಾ ಮಾಡಿಸಲು ವಿಚ್ಛೇದನದ ತೀರ್ಪು, ಪಾಲನೆಯ ಆದೇಶ ಎರಡೂ ಅಟೆಸ್ಟ್ ಆಗಿರಬೇಕು.

ಬ್ರಿಟನ್ನಿನ ನಿಯಮ ಇನ್ನೂ ಬಿಗಿ. ತಂದೆ ತಾಯಿಯಲ್ಲಿ ಒಬ್ಬರು ಮಾತ್ರ ಅಲ್ಲಿಗೆ ಹೋಗುವುದಾದರೆ, ಮಗುವಿನ ಪೂರ್ತಿ ಹೊಣೆ ನಿಮ್ಮೊಬ್ಬರದೇ ಅಂತ ಸಾಮಾನ್ಯವಾಗಿ ತೋರಿಸಬೇಕು. ಶಾಲೆ ಯಾರು ಆರಿಸಿದರು, ಆಸ್ಪತ್ರೆಗೆ ಯಾರು ಸೇರಿಸಿದರು, ದೊಡ್ಡ ತೀರ್ಮಾನಗಳನ್ನೆಲ್ಲ ಯಾರು ತೆಗೆದುಕೊಂಡರು ಅಂತ ನೋಡುತ್ತಾರೆ. ಅಪ್ಪ ಪ್ರೀತಿಯಿಂದ ಫೋನ್ ಮಾಡಿದರೆ, ಬಂದು ನೋಡಿದರೆ ತೊಂದರೆ ಇಲ್ಲ. ಆದರೆ 'ಇಬ್ಬರೂ ಸೇರಿ ತೀರ್ಮಾನ ಮಾಡತಕ್ಕದ್ದು' ಅಂತ ಆದೇಶದಲ್ಲಿದ್ದರೆ, ಅರ್ಜಿ ಹಾಕುವ ಮೊದಲೇ ಅಲ್ಲಿನ ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕೇಳಿ. ಶಾಲೆಯ ಫೀ ರಸೀದಿ, ಪೋಷಕರ ಸಭೆಯ ಹಾಜರಿ, ಅಡ್ಮಿಷನ್ ಫಾರಂ, ಯಾವುದನ್ನೂ ಎಸೆಯಬೇಡಿ. ಇನ್ನೊಂದು ಮಾತು. ನರ್ಸ್‌ಗಳು ಮಕ್ಕಳನ್ನು ಕರೆದುಕೊಂಡು ಹೋಗಬಹುದು. ಕೇರ್ ವರ್ಕರ್ (ವೃದ್ಧರು, ಅಶಕ್ತರನ್ನು ನೋಡಿಕೊಳ್ಳುವ ಕೆಲಸ) ವೀಸಾಕ್ಕೆ 2024ರ ಮಾರ್ಚ್‌ನಲ್ಲೇ ಆ ಅವಕಾಶ ತೆಗೆದರು. ಏಜೆಂಟರು ಇದನ್ನು ಮೆಲ್ಲಗೆ ನುಂಗಿಬಿಡುತ್ತಾರೆ.

ವಯಸ್ಸು ನೋಡಿ, ತರಗತಿ ಆಮೇಲೆ

ಇಂಗ್ಲೆಂಡ್‌ನಲ್ಲಿ ತರಗತಿ ನಿರ್ಧಾರ ಆಗುವುದು ಹುಟ್ಟಿದ ದಿನದಿಂದ. ಆಗಸ್ಟ್ 31ಕ್ಕೆ ಮಗುವಿಗೆ ಎಷ್ಟು ವರ್ಷ ತುಂಬಿದೆ ಅನ್ನುವುದೇ ಲೆಕ್ಕ. ಇಲ್ಲಿ ಎಷ್ಟು ಅಂಕ ತೆಗೆದಿದ್ದರು, ಯಾವ ಬೋರ್ಡ್ ಅಂತ ಕೇಳುವುದಿಲ್ಲ. ಮಗಳು ಹುಟ್ಟಿದ್ದು 2012ರ ನವೆಂಬರ್, ಇಲ್ಲಿ ಏಳನೇ ತರಗತಿ, ಅಲ್ಲಿ ಇಯರ್ 8. ಮಗ 2018ರ ಫೆಬ್ರವರಿ, ಇಲ್ಲಿ ಎರಡು, ಅಲ್ಲಿ ಇಯರ್ 3. ಒಂದು ಅಂಕಿ ಮುಂದೆ ಅಷ್ಟೇ, ಮಗು ಒಂದು ವರ್ಷ ಹಾರಿದ ಹಾಗಲ್ಲ. ಅಜ್ಜಿ ತಾತಂದಿರಿಗೆ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ 'ಡಬಲ್ ಪ್ರಮೋಷನ್ ಅಂತೆ' ಅಂತ ಬೀದಿಗೆಲ್ಲ ಸುದ್ದಿ ಆಗುತ್ತದೆ.

ದೊಡ್ಡ ಮಗುವಿಗೆ ಯಾವ ವರ್ಷ ಹೋಗುತ್ತೀರಿ ಅನ್ನುವುದು ತುಂಬಾ ಮುಖ್ಯ. ಅಲ್ಲಿ ಹದಿನಾರನೇ ವಯಸ್ಸಿಗೆ ಬರುವ ಜಿ.ಸಿ.ಎಸ್.ಇ. ಪರೀಕ್ಷೆಯ ಪಾಠ ಇಯರ್ 10 ಮತ್ತು 11ರಲ್ಲಿ ನಡೆಯುತ್ತದೆ. ವಿಷಯ ಆರಿಸುವುದು ಸಾಮಾನ್ಯವಾಗಿ ಇಯರ್ 9ರಲ್ಲಿ. ಇಯರ್ 11ರ ಮಧ್ಯದಲ್ಲಿ ಹೋಗಿ ಬಿದ್ದರೆ ಪಠ್ಯವೂ ಅರ್ಧ, ವಿಷಯವೂ ಉಳಿದದ್ದು ಯಾವುದೋ ಅದು. ನಮ್ಮ ಲೆಕ್ಕ ಹೀಗಿದೆ: ಮಾರ್ಚ್‌ನಲ್ಲಿ ಇಲ್ಲಿನ ವಾರ್ಷಿಕ ಪರೀಕ್ಷೆ ಮುಗಿಸಿ, ಏಪ್ರಿಲ್‌ನಿಂದ ಜುಲೈವರೆಗಿನ ಅಲ್ಲಿನ ಕೊನೆಯ ಟರ್ಮ್‌ಗೆ ಸೇರುವುದು. ಆ ಟರ್ಮ್ ಪೂರ್ತಿ ಅವರ ಇಂಗ್ಲಿಷ್ ಕಿವಿಗೆ ಹತ್ತುವುದಕ್ಕೆ, ಒಂದಿಬ್ಬರು ಗೆಳತಿಯರನ್ನು ಮಾಡಿಕೊಳ್ಳುವುದಕ್ಕೆ. ಸೆಪ್ಟೆಂಬರ್‌ನಲ್ಲಿ ಇಯರ್ 9 ಶುರು.

ಜರ್ಮನಿಯಲ್ಲಿ ನನಗೆ ಕಷ್ಟ ಅನ್ನಿಸಿದ್ದು ಮಗನ ವಿಷಯ. ಅಲ್ಲಿ 16 ರಾಜ್ಯಗಳು, ಶಾಲೆ ನೋಡಿಕೊಳ್ಳುವುದು ರಾಜ್ಯವೇ. ಹೆಚ್ಚಿನ ಕಡೆ ನಾಲ್ಕನೇ ತರಗತಿ ಮುಗಿದ ಕೂಡಲೇ ಮಕ್ಕಳನ್ನು ಗಿಮ್ನಾಸಿಯಂ (ವಿಶ್ವವಿದ್ಯಾಲಯದ ದಾರಿ), ರಿಯಾಲ್‌ಶೂಲೆ (ಹೆಚ್ಚಾಗಿ ವೃತ್ತಿ ತರಬೇತಿಯ ದಾರಿ) ಅಂತ ಬೇರೆ ಬೇರೆ ಶಾಲೆಗಳಿಗೆ ಕಳಿಸುತ್ತಾರೆ. ಬರ್ಲಿನ್, ಬ್ರಾಂಡೆನ್‌ಬುರ್ಗ್‌ನಂಥ ಕಡೆ ಆರನೇ ತರಗತಿ ಆದ ಮೇಲೆ. ಎರಡನೇ ತರಗತಿ ಮುಗಿಸಿ ಹೋದ ಹುಡುಗ ಹೊಸ ಭಾಷೆ ಕಲಿಯುವಷ್ಟರಲ್ಲಿ ಅವನು ಯಾವ ದಾರಿ ಅಂತ ಶಿಫಾರಸು ಬಂದುಬಿಡುತ್ತದೆ. ಆಮೇಲೆ ಬದಲಾಯಿಸಿಕೊಳ್ಳಬಹುದು, ನಿಜ. ಆದರೆ ಅದರ ಹಿಂದೆ ಓಡಾಡಲು ಮನೆಯಲ್ಲಿ ಇನ್ನೊಬ್ಬರು ಇರಬೇಕು. ನಾಲ್ಕೈದು ವರ್ಷದ ಮಗು ಇದ್ದವರಿಗೆ ಜರ್ಮನಿ ಒಳ್ಳೆಯದೇ. ಶುಲ್ಕ ಇಲ್ಲ, ಭಾಷೆ ಹಿಡಿಯಲು ಸಮಯವೂ ಇದೆ. ಅಲ್ಲಿ ಒಂದನೇ ಅಂಕ ಅಂದರೆ ಎಲ್ಲಕ್ಕಿಂತ ಮೇಲು, ಆರು ಅಂದರೆ ತೀರಾ ಕೆಳಗೆ, ಪ್ರೋಗ್ರೆಸ್ ಕಾರ್ಡ್ ನೋಡಿ ಗಾಬರಿ ಆಗಬೇಡಿ. ದಡಾರ ಲಸಿಕೆ ಆಗಿರುವ ದಾಖಲೆ ಕಡ್ಡಾಯ, ಆದ್ದರಿಂದ ಮಕ್ಕಳ ತಾಯಿ ಕಾರ್ಡ್ ಹುಡುಕಿಡಿ.

ದುಬೈಯಲ್ಲಿ ಮಗಳಿಗೆ ತೊಂದರೆಯೇ ಇರಲಿಲ್ಲ. ಸಿ.ಬಿ.ಎಸ್.ಇ. ಶಾಲೆಗಳು ಬೇಕಾದಷ್ಟಿವೆ, ವರ್ಷ ಏಪ್ರಿಲ್‌ಗೆ ಶುರು. ಒಂಬತ್ತನೇ ತರಗತಿಗೆ ಮೊದಲೇ ಸೇರಿಸಬೇಕು ಅಷ್ಟೇ. ಒಂಬತ್ತಕ್ಕೆ ಬೋರ್ಡ್ ನೋಂದಣಿ ಆಗುತ್ತದೆ, ಹತ್ತಕ್ಕೆ ನೇರವಾಗಿ ಸೇರುವುದು ಕಷ್ಟ. ಕೆ.ಎಚ್.ಡಿ.ಎ. ಅನ್ನುವ ಸರ್ಕಾರಿ ಸಂಸ್ಥೆ ಖಾಸಗಿ ಶಾಲೆಗಳನ್ನು ತಪಾಸಣೆ ಮಾಡಿ ಹಾಕಿರುವ ವರದಿಗಳಿವೆ, ಓದಿ. ಆದರೆ ನಮ್ಮಂಥವರ ಮಕ್ಕಳಿಗೆ ಅಲ್ಲಿ ಹೆಚ್ಚುಕಡಿಮೆ ಖಾಸಗಿ ಶಾಲೆಯೇ ಗತಿ. ಎರಡು ಮಕ್ಕಳ ಫೀ, ಬಸ್ಸು, ಮನೆ ಬಾಡಿಗೆ ಎಲ್ಲ ಒಂದೇ ಸಂಬಳದಲ್ಲಿ ಬರಬೇಕು. ನಾನು ಕಾಗದದ ಮೇಲೆ ಬರೆದು ನೋಡಿದೆ, ಆಗಲಿಲ್ಲ.

ಕೆನಡಾ, ಆಸ್ಟ್ರೇಲಿಯಾ ನಾನು ಮೇಲೆ ಮೇಲೆ ನೋಡಿದ್ದು. ಎರಡೂ ಕಡೆ ಪ್ರಾಂತ್ಯಕ್ಕೊಂದು, ರಾಜ್ಯಕ್ಕೊಂದು ನಿಯಮ. ಆಸ್ಟ್ರೇಲಿಯಾದಲ್ಲಿ ಶಾಲೆ ಶುರುವಾಗುವುದು ಜನವರಿ ಕೊನೆಗೆ, ಮತ್ತು ಕೆಲವು ವೀಸಾದವರ ಮಕ್ಕಳಿಗೆ ಕೆಲವು ರಾಜ್ಯಗಳ ಸರ್ಕಾರಿ ಶಾಲೆಯಲ್ಲೂ ಶುಲ್ಕ ಇದೆ. ವೀಸಾ ನಂಬರ್ ಹಿಡಿದೇ ವಿಚಾರಿಸಿ.

ಗೇಟಿನ ಹತ್ತಿರ ಯಾರು?

ಇಲ್ಲಿ ನನಗೆ ಡ್ಯೂಟಿ ಇದ್ದರೆ ಅಮ್ಮ ಹೋಗಿ ಮಗನನ್ನು ಕರೆದುಕೊಂಡು ಬರುತ್ತಾರೆ. ಅಮ್ಮನಿಗೆ ಆಗದಿದ್ದರೆ ಶಾಲೆಯ ಆಟೋ ಇದೆ, ಅದೂ ಇಲ್ಲದಿದ್ದರೆ ಪಕ್ಕದ ಮನೆ ಆಂಟಿ. ಇಂಗ್ಲೆಂಡ್‌ನಲ್ಲಿ ಪ್ರೈಮರಿ ಶಾಲೆ ಬೆಳಿಗ್ಗೆ ಒಂಬತ್ತರ ಹತ್ತಿರ ಶುರು, ಮಧ್ಯಾಹ್ನ ಮೂರು, ಮೂರೂಕಾಲಕ್ಕೆ ಮುಗಿಯುತ್ತದೆ. ನರ್ಸ್ ಶಿಫ್ಟ್ ಅಂದರೆ ಹನ್ನೆರಡು ಗಂಟೆ. ಯಾವ ಶಾಲೆ ಒಳ್ಳೆಯದು ಅಂತ ಹುಡುಕುವ ಮೊದಲು, ಬೆಳಗಿನ ಬ್ರೇಕ್‌ಫಾಸ್ಟ್ ಕ್ಲಬ್ ಎಷ್ಟು ಗಂಟೆಗೆ ತೆರೆಯುತ್ತದೆ, ಸಂಜೆಯ ಕ್ಲಬ್ ಎಷ್ಟಕ್ಕೆ ಮುಚ್ಚುತ್ತದೆ, ಅದರ ಫೀ ಎಷ್ಟು, ಸೀಟು ಖಾಲಿ ಇದೆಯಾ ಅಂತ ಇಮೇಲ್ ಮಾಡಿ ಕೇಳಿ. ಸಾಮಾನ್ಯವಾಗಿ ಸಂಜೆ ಆರರ ಹೊತ್ತಿಗೆ ಮುಚ್ಚಿಬಿಡುತ್ತಾರೆ. ಉಳಿದ ಹೊತ್ತಿಗೆ ನೋಂದಾಯಿತ ಚೈಲ್ಡ್‌ಮೈಂಡರ್ (ದುಡ್ಡು ತೆಗೆದುಕೊಂಡು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು) ಬೇಕು. ಚೈಲ್ಡ್ ಬೆನಿಫಿಟ್‌ನಂಥ ಸರ್ಕಾರಿ ನೆರವು ಕೆಲಸದ ವೀಸಾದ ಮೇಲೆ ಇರುವವರಿಗೆ ಸಾಮಾನ್ಯವಾಗಿ ಸಿಗುವುದಿಲ್ಲ, ಹಾಗಾಗಿ ಈ ಖರ್ಚನ್ನು ಬಾಡಿಗೆಯ ಪಕ್ಕದಲ್ಲೇ ಬರೆದುಕೊಳ್ಳಿ. ಶಿಫ್ಟ್ ಬದಲಾಯಿಸಿಕೊಡಿ ಅಂತ ಕೇಳುವ ಹಕ್ಕು 2024ರ ಏಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಇದೆ. ಕೊಡಲೇಬೇಕು ಅಂತಿಲ್ಲ, ಆದರೆ ಸಂದರ್ಶನದಲ್ಲೇ ಕೇಳಿ ನೋಡಿ, ಮುಜುಗರ ಬೇಡ.

ಜರ್ಮನಿಯ ಎಷ್ಟೋ ಪ್ರೈಮರಿ ಶಾಲೆಗಳು ಮಧ್ಯಾಹ್ನದ ಹೊತ್ತಿಗೇ ಬಿಡುತ್ತವೆ. ದಿನಪೂರ್ತಿ ನೋಡಿಕೊಳ್ಳುವ ಕಾನೂನಿನ ಹಕ್ಕು 2026ರ ಆಗಸ್ಟ್‌ನಿಂದ ಬರುವುದು ಒಂದನೇ ತರಗತಿಯವರಿಗೆ ಮಾತ್ರ. ಆಮೇಲೆ ವರ್ಷಕ್ಕೊಂದು ತರಗತಿ ಸೇರುತ್ತದೆ. ನನ್ನ ಮಗ ಆ ಸಾಲಿಗಿಂತ ಯಾವಾಗಲೂ ಮುಂದೆಯೇ ಇರುತ್ತಾನೆ, ಅವನಿಗೆ ಸಿಗುವುದೇ ಇಲ್ಲ.

ಅಮ್ಮನನ್ನು ಕರೆದುಕೊಂಡು ಹೋಗ್ತೀನಿ ಬಿಡಿ ಅನ್ನುವವರು ಜಾಸ್ತಿ. ಬ್ರಿಟನ್ನಿನ ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳು ಮಾತ್ರ ಇರಬಹುದು. ಅಜ್ಜಿಯನ್ನು ನಂಬಿ ಶಿಫ್ಟ್ ಒಪ್ಪಿಕೊಳ್ಳಬೇಡಿ.

ಇಂಗ್ಲೆಂಡ್‌ನಲ್ಲಿ ಶಾಲೆ ಆರಿಸುವುದು ಅಂದರೆ ಮನೆ ಆರಿಸುವುದು ಅಂತಲೇ ಅರ್ಥ. ಸರ್ಕಾರಿ ಶಾಲೆ ಉಚಿತ, ಆದರೆ ಸೀಟು ಕೊಡುವಾಗ ಬಹಳ ಕಡೆ ಮನೆಯ ದೂರ ನೋಡುತ್ತಾರೆ. ವರ್ಷದ ಮಧ್ಯದಲ್ಲಿ ಸೇರುವವರು ಸ್ಥಳೀಯ ಕೌನ್ಸಿಲ್‌ಗೆ ಅಥವಾ ಶಾಲೆಗೇ ಅರ್ಜಿ ಹಾಕಬೇಕು. ಖಾಲಿ ಇದ್ದ ಕಡೆ ಸೀಟು. ಬಾಡಿಗೆ ಕರಾರಿಗೆ ಸಹಿ ಮಾಡುವ ಮೊದಲು ಸುತ್ತಲಿನ ಶಾಲೆಗಳಲ್ಲಿ ಎರಡೂ ತರಗತಿಗೆ ಜಾಗ ಇದೆಯಾ ಅಂತ ಕೌನ್ಸಿಲ್‌ಗೆ ಕೇಳಿ. ಅಲ್ಲಿನ ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಸಂಸ್ಥೆಯ ವರದಿ ನೋಡುವಾಗ ಒಂದು ಎಚ್ಚರ: 'ಔಟ್‌ಸ್ಟ್ಯಾಂಡಿಂಗ್ ಶಾಲೆ' ಅನ್ನುವ ಒಂದೇ ಪದದ ತೀರ್ಪನ್ನು ಸರ್ಕಾರಿ ಶಾಲೆಗಳಿಗೆ 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದರು. ಯಾರಾದರೂ ಆ ಪದ ಹೇಳಿದರೆ ಅದು ಹಳೆಯ ತಪಾಸಣೆಯದು.

ರಜೆ, ಅಪ್ಪ, ಮಳೆ

ನಮ್ಮ ಆದೇಶದಲ್ಲಿ ಇದ್ದದ್ದು, ಏಪ್ರಿಲ್, ಮೇ ಬೇಸಿಗೆ ರಜೆಯ ಅರ್ಧ ಮತ್ತು ದಸರಾ ರಜೆ ಮಕ್ಕಳು ತಂದೆಯ ಹತ್ತಿರ ಅಂತ. ಇಂಗ್ಲೆಂಡ್‌ನಲ್ಲಿ ಈ ಎರಡೂ ಇಲ್ಲ. ದೊಡ್ಡ ರಜೆ ಜುಲೈ ಕೊನೆಯಿಂದ ಸೆಪ್ಟೆಂಬರ್ ಶುರುವಿನವರೆಗೆ ಸುಮಾರು ಆರು ವಾರ. ಸಕಲೇಶಪುರದಲ್ಲಿ ಆಗ ಮಳೆ ಹೊಯ್ಯುತ್ತಿರುತ್ತದೆ, ಡಿ.ಸಿ. ಇಲ್ಲಿನ ಶಾಲೆಗಳಿಗೇ ರಜೆ ಕೊಡುವ ಕಾಲ. ಕ್ರಿಸ್‌ಮಸ್‌ಗೆ ಎರಡು ವಾರ ಸಿಗುತ್ತದೆ, ಆಗ ಕಾಫಿ ಕೊಯ್ಲು, ಅವರಪ್ಪನಿಗೆ ಬಿಡುವಿಲ್ಲ. ಶಾಲೆ ನಡೆಯುವಾಗ ಕರೆದುಕೊಂಡು ಬರೋಣ ಅಂದರೆ, ಐದು ದಿನ ಅನುಮತಿ ಇಲ್ಲದೆ ತಪ್ಪಿಸಿದರೆ ದಂಡ. ಒಂದು ಮಗುವಿಗೆ, ಒಬ್ಬ ಪೋಷಕರಿಗೆ 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160.

ಅದಕ್ಕೇ ಹೊಸ ಅರ್ಜಿಯಲ್ಲಿ ತಿಂಗಳ ಹೆಸರು ತೆಗೆಸಿ, 'ಮಕ್ಕಳು ಓದುವ ಶಾಲೆಯ ಬೇಸಿಗೆ ರಜೆಯಲ್ಲಿ ಇಷ್ಟು ವಾರ' ಅಂತ ಬರೆಸಿದ್ದೇವೆ. ಟಿಕೆಟ್ ಖರ್ಚು ಯಾರದು ಅಂತಲೂ ಬರೆಸಿ. ವಿಡಿಯೋ ಕಾಲ್‌ಗೂ ಭಾರತದ ಸಮಯ, ಅಲ್ಲಿನ ಸಮಯ ಎರಡನ್ನೂ ಹಾಕಿಸಿ. ಅಲ್ಲಿ ಗಡಿಯಾರ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಬೇಸಿಗೆಯಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಒಂದು ಸಮಾಧಾನ ಅಂದರೆ ಅಕ್ಟೋಬರ್ ಕೊನೆಯ ಹಾಫ್ ಟರ್ಮ್ (ಟರ್ಮ್ ಮಧ್ಯದ) ರಜೆ ಕೆಲವು ವರ್ಷ ಹಾಸನಾಂಬೆ ದರ್ಶನದ ದಿನಗಳಿಗೆ ಸರಿಹೊಂದಬಹುದು.

ವಾಪಸ್ ಬರುವ ದಾರಿ

ಹೊರಡುವಾಗ ಇದನ್ನು ಯಾರೂ ಮಾತಾಡುವುದಿಲ್ಲ, ಅಪಶಕುನ ಅಂತ. ನಮ್ಮ ವೀಸಾ ನನ್ನೊಬ್ಬಳ ಕೆಲಸದ ಮೇಲೆ ನಿಂತಿದೆ, ಮಾತಾಡಲೇಬೇಕು. ಕರ್ನಾಟಕದ ಸಿ.ಇ.ಟಿ.ಯಲ್ಲಿ ರಾಜ್ಯದ ವಿದ್ಯಾರ್ಥಿ ಅಂತ ಸೀಟು ಕೇಳಲು ಇರುವ ಮುಖ್ಯ ದಾರಿ, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಇಲ್ಲಿ ಓದಿರುವುದು. ಜೊತೆಗೆ ಇಲ್ಲಿಂದ ಪರೀಕ್ಷೆ ಪಾಸಾಗಿರಬೇಕು ಅನ್ನುವ ಷರತ್ತೂ ಇದೆ. ಮಗಳು ಏಳನೇ ತರಗತಿ ಮುಗಿಸಿದರೆ ಆ ಏಳು ವರ್ಷ ತುಂಬುತ್ತದೆ. ಮುಂದೆ ಪಿಯುಸಿಗೆ ಬಂದರೂ ದಾರಿ ಉಳಿದಿರುತ್ತದೆ. ಮಧ್ಯದಲ್ಲಿ ಎಬ್ಬಿಸಿಕೊಂಡು ಹೋಗದೆ ಮಾರ್ಚ್‌ವರೆಗೆ ಕಾದದ್ದಕ್ಕೆ ಇದೂ ಒಂದು ಕಾರಣ. ವಿದೇಶಿ ಬೋರ್ಡ್‌ನ ಪ್ರಮಾಣಪತ್ರಕ್ಕೆ ಇಲ್ಲಿ ಸಮಾನತೆಯ ಪತ್ರ ಕೇಳುತ್ತಾರೆ. ಅಲ್ಲೇ ಉಳಿದರೂ ಒಂದು ಲೆಕ್ಕ ಇದೆ. ಕಾಯಂ ವಾಸದ ಹಕ್ಕು ಸಿಗುವ ಮೊದಲೇ ಮಗು ಕಾಲೇಜಿಗೆ ಬಂದರೆ, ವಿಶ್ವವಿದ್ಯಾಲಯದಲ್ಲಿ ಸಾಮಾನ್ಯವಾಗಿ ಹೊರದೇಶದವರ ಶುಲ್ಕವೇ ಬೀಳುತ್ತದೆ.

ಟಿ.ಸಿ. ಅಲ್ಲಿ ಕೇಳುವುದಿಲ್ಲ ಅಂತ ಬಿಟ್ಟು ಹೋಗಬೇಡಿ. ಸ್ಯಾಟ್ಸ್ ನಂಬರ್ (ನಮ್ಮ ರಾಜ್ಯದ ವಿದ್ಯಾರ್ಥಿ ದಾಖಲೆಯ ನಂಬರ್) ಇರುವ ಅಂಕಪಟ್ಟಿ, ಟಿ.ಸಿ., ಹೆಡ್‌ಮಾಸ್ಟರ್ ಸಹಿ ಇರುವ ವ್ಯಾಸಂಗ ಪ್ರಮಾಣಪತ್ರ, ಎಲ್ಲ ಎರಡೆರಡು ಪ್ರತಿ ಇರಲಿ.

ಮಕ್ಕಳನ್ನೇ ಕೂರಿಸಿ ನೋಡಿ

ಇಂಗ್ಲೆಂಡ್‌ನ ಇಯರ್ 6 ಮಕ್ಕಳ ಹಳೆಯ ಪ್ರಶ್ನೆಪತ್ರಿಕೆಗಳು ಅಲ್ಲಿನ ಸರ್ಕಾರದ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಪ್ರಿಂಟ್ ತೆಗೆಸಿ ಮಗಳನ್ನು ಕೂರಿಸಿದೆ. ಗಣಿತ ಬೇಗ ಮುಗಿಸಿದಳು. ಓದುವ ಪತ್ರಿಕೆಯಲ್ಲಿ ನಿಂತಳು. ಕಥೆಯ ಹುಡುಗನಿಗೆ ಹೀಗೆ ಯಾಕೆ ಅನ್ನಿಸಿತು, ಯಾವ ಸಾಲಿನಿಂದ ಗೊತ್ತಾಯಿತು ಅಂತ ಕೇಳುತ್ತಾರೆ. ನಮ್ಮಲ್ಲಿ ನೋಟ್ಸ್‌ನಲ್ಲಿ ಇದ್ದದ್ದನ್ನು ಬರೆದು ಅಭ್ಯಾಸ. ಈಗ ದಿನಾ ಒಂದು ಪುಟ ಇಂಗ್ಲಿಷ್ ಕಥೆ ಓದಿ ಎರಡು ಸಾಲು ತನ್ನದೇ ಮಾತಲ್ಲಿ ಬರೆಯುತ್ತಾಳೆ. ಟ್ಯೂಷನ್‌ಗಿಂತ ಇದು ಮೇಲು ಅಂತ ನನ್ನ ಅಭಿಪ್ರಾಯ. ಕನ್ನಡ ಮಾತ್ರ ಮನೆಯಲ್ಲೇ ಆಗಬೇಕು. ಜಿ.ಸಿ.ಎಸ್.ಇ.ಯಲ್ಲಿ ಗುಜರಾತಿ, ಪಂಜಾಬಿ, ಬಂಗಾಳಿ, ಉರ್ದು ಇವೆ, ಕನ್ನಡ ಇಲ್ಲ. ಅದಕ್ಕೆ ಇಲ್ಲಿನ ಎಂಟನೇ ತರಗತಿ ಕನ್ನಡ ಪುಸ್ತಕ ಪೆಟ್ಟಿಗೆಗೆ ಹೋಗಿದೆ.

ಕೊನೆಯದಾಗಿ, ಶಾಲೆಗೆ ಸೇರಿಸುವ ಫಾರಂನಲ್ಲಿ ಅಪ್ಪನ ಕಾಲಂ ಖಾಲಿ ಬಿಡಬೇಡಿ. ಆದೇಶದಲ್ಲಿ ಅಡ್ಡಿ ಇಲ್ಲದಿದ್ದರೆ ಅವರ ಇಮೇಲ್ ಕೊಡಿ. ಮಕ್ಕಳ ವರದಿ ಶಾಲೆಯಿಂದಲೇ ನೇರವಾಗಿ ಅವರಿಗೆ ಹೋಗಲಿ. ಭಾನುವಾರದ ಫೋನಿನಲ್ಲಿ ಅಂಕದ ಬಗ್ಗೆ ನನ್ನನ್ನು ಕೇಳುವುದು ತಪ್ಪುತ್ತದೆ. ಮಕ್ಕಳನ್ನು ಶಾಲೆಯಿಂದ ಯಾರು ಕರೆದುಕೊಂಡು ಹೋಗಬಹುದು ಅನ್ನುವ ಪಟ್ಟಿ ಬೇರೆ ಇರುತ್ತದೆ. ಅದಕ್ಕೆ ಆದೇಶದಲ್ಲಿ ಮಕ್ಕಳ ಪಾಲನೆಯ ವಿಷಯ ಇರುವ ಪುಟದ ಪ್ರತಿಯನ್ನು ಸೇರಿಸಿ ಶಾಲೆಯ ಆಫೀಸಿಗೆ ಕೊಟ್ಟಿಡಿ.