ನಾಲ್ಕು ಮನೆಗಳಿಗೆ ಒಂದೇ ಪೈಪು: ಕಸ ಕಟ್ಟಿಕೊಂಡ ಒಳಚರಂಡಿಯನ್ನು ಸರಿಪಡಿಸಿಕೊಂಡ ನನ್ನ ಅನುಭವ

ಚಿಕ್ಕಮಗಳೂರಿನಲ್ಲಿ ನಮ್ಮದು ಇಳಿಜಾರಿನಲ್ಲಿ ಸಾಲಾಗಿ ಕಟ್ಟಿದ ನಾಲ್ಕು ಮನೆಗಳ ಪೈಕಿ ಕೆಳತುದಿಯ ಮನೆ. ಮೇಲಿನ ಮೂರೂ ಮನೆಗಳ ಬಚ್ಚಲು, ಅಡುಗೆಮನೆ, ಪಾಯಿಖಾನೆಗಳ ನೀರು ಹಿತ್ತಲ ಸಂದಿಯಲ್ಲಿ ಹೂತಿರುವ ಒಂದೇ ಪೈಪಿನಲ್ಲಿ ನಮ್ಮ ಮನೆಯನ್ನು ದಾಟಿ ರಸ್ತೆಯ ಮ್ಯಾನ್‌ಹೋಲ್ ಸೇರುತ್ತದೆ. ಮೂರು ವರ್ಷಗಳ ಹಿಂದೆ, ಜುಲೈ ತಿಂಗಳ ಮಳೆ ಬಿಡದೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ, ನಮ್ಮಲ್ಲಿ ಯಾರೂ ನಲ್ಲಿ ತಿರುಗಿಸದಿದ್ದರೂ ಬಚ್ಚಲಿನ ಜಾಲರಿಯಿಂದ ಸೋಪಿನ ನೊರೆ ಉಕ್ಕಿ ಬಂತು. ನಾವು ನೀರು ಬಳಸದಿದ್ದಾಗಲೂ ನಮ್ಮ ಬಚ್ಚಲು ತುಂಬುತ್ತಿದೆಯೆಂದರೆ ಅಡಚಣೆ ನಮ್ಮ ಮನೆಯೊಳಗಿನ ಪೈಪಿನಲ್ಲಿಲ್ಲ, ನಮ್ಮಿಂದ ಕೆಳಗೆ ಎಲ್ಲರಿಗೂ ಸೇರಿದ ಪೈಪಿನಲ್ಲಿದೆ ಎಂದು ನನಗೆ ಆಗಲೇ ಅರ್ಥವಾಗಬೇಕಿತ್ತು. ನಾನು ಅರ್ಧ ದಿನವನ್ನು ಬಚ್ಚಲಿನ ಜಾಲರಿಯ ಕೆಳಗೆ ನೀರು ನಿಲ್ಲುವ ಬಾಗಿದ ಭಾಗವಾದ ನಹನಿ ಟ್ರ್ಯಾಪನ್ನು ಕೆದಕುವುದರಲ್ಲೇ ಕಳೆದೆ.

ಮಧ್ಯಾಹ್ನದ ಮೇಲೆ ಛೇಂಬರುಗಳ, ಅಂದರೆ ಪೈಪನ್ನು ತೆರೆದು ನೋಡಲು ನಡುನಡುವೆ ಕಟ್ಟಿರುವ ಗುಂಡಿಗಳ, ಮುಚ್ಚಳಗಳನ್ನು ಒಂದೊಂದಾಗಿ ಎಬ್ಬಿಸಿದೆ. ಮುಚ್ಚಳ ತೆಗೆದ ಕೂಡಲೇ ಬಗ್ಗಿ ನೋಡದೆ, ಒಳಗಿನ ಗಾಳಿ ಹೊರಹೋಗಲೆಂದು ಅರ್ಧ ಗಂಟೆ ದೂರವಿದ್ದೆ. ಅಲ್ಲಿ ಬೆಂಕಿಕಡ್ಡಿ ಗೀರುವುದಂತೂ ಸಲ್ಲದು. ನಮ್ಮ ಛೇಂಬರು ಬಾಯಿತನಕ ತುಂಬಿತ್ತು, ಅದರ ಮುಂದಿನ, ರಸ್ತೆಯಂಚಿನ ಛೇಂಬರು ಒಣಗಿತ್ತು. ತುಂಬಿದ್ದಕ್ಕೂ ಒಣಗಿದ್ದಕ್ಕೂ ನಡುವಿನ ಇಪ್ಪತ್ತು ಅಡಿಯಲ್ಲೇ ಅಡಚಣೆ ಇದೆಯೆಂಬುದು ಆ ಎರಡು ಮುಚ್ಚಳಗಳಿಂದಲೇ ಗೊತ್ತಾಯಿತು. ರಸ್ತೆಯ ಛೇಂಬರೂ ತುಂಬಿದ್ದರೆ ತೊಂದರೆ ಹೊರಗಿನ ಯುಜಿಡಿ ಲೈನಿನದು, ಅಂದರೆ ಊರಿನ ಒಳಚರಂಡಿ ಕೊಳವೆಯದು, ಆಗುತ್ತಿತ್ತು. ಆಗ ನಗರಸಭೆಗೆ ತಿಳಿಸಿ ರಭಸದ ನೀರು ಚಿಮ್ಮಿಸಿ ಪೈಪು ತೆರವುಗೊಳಿಸುವ ಜೆಟ್ಟಿಂಗ್ ಯಂತ್ರ ತರಿಸುವುದಷ್ಟೇ ನಮ್ಮ ಕೆಲಸವಾಗಿರುತ್ತಿತ್ತು.

ಪಕ್ಕದವರು ಕಾಸ್ಟಿಕ್ ಸೋಡಾ ಸುರಿಯೋಣ ಎಂದರು, ನಾನು ಒಪ್ಪಲಿಲ್ಲ. ನಿಂತ ನೀರಿನಲ್ಲಿ ಅದು ಅಡಚಣೆಯವರೆಗೆ ತಲುಪುವಷ್ಟರಲ್ಲಿ ತೆಳುವಾಗಿರುತ್ತದೆ, ಆದರೆ ಆಮೇಲೆ ಬಿದಿರಿನ ದಬ್ಬೆ ತೂರಿಸಿ ಅಡಚಣೆ ತೆಗೆಯುವವರ ಕಣ್ಣಿಗೆ ಸಿಡಿದರೆ ಕಣ್ಣು ಉಳಿಯುವುದು ಕಷ್ಟ. ಇನ್ನೊಬ್ಬರು ಯಾರನ್ನಾದರೂ ಕರೆಸಿ ಮ್ಯಾನ್‌ಹೋಲಿಗೆ ಇಳಿಸೋಣವೆಂದಾಗ ನಾನು ನಿಷ್ಠುರವಾಗಿಯೇ ಬೇಡವೆಂದೆ. ಒಳಗೆ ಶೇಖರವಾಗುವ ಹೈಡ್ರೋಜನ್ ಸಲ್ಫೈಡ್ ಅನಿಲ ಮೊದಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಪ್ರಮಾಣ ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕೊಲ್ಲುತ್ತದೆ, ಆದ್ದರಿಂದ ಇಳಿದವನಿಗೆ ಎಚ್ಚರಿಕೆಯೇ ಸಿಗುವುದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಅಪರಾಧವೆಂದು ಹೇಳಿದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಆದೇಶಿಸಿದೆ. ನಮ್ಮ ಬಚ್ಚಲಿನ ನೀರಿಗಾಗಿ ಒಂದು ಜೀವವನ್ನು ಪಣಕ್ಕಿಡುವ ಮಾತನ್ನು ಕೇಳಲೂ ನನಗೆ ಸಾಧ್ಯವಿರಲಿಲ್ಲ.

ಸೀಳಿದ ಬಿದಿರಿನ ಉದ್ದನೆಯ ದಬ್ಬೆಯನ್ನು ಒಣಗಿದ ಛೇಂಬರಿನ ಕಡೆಯಿಂದ, ಹೊರಗೇ ನಿಂತು, ಮೇಲ್ಮುಖವಾಗಿ ತೂರಿಸಿದೆ. ತುಂಬಿದ ಕಡೆಯಿಂದ ತಳ್ಳಿದರೆ ಕಸ ಇನ್ನಷ್ಟು ಗಟ್ಟಿಯಾಗಿ ಕಚ್ಚಿಕೊಳ್ಳುವ ಭಯವಿತ್ತು. ಒಂದು ಜಾಗದಲ್ಲಿ ದಬ್ಬೆ ಮೆತ್ತಗೆ ತಾಗಿ ನಿಂತಿತು. ಛೇಂಬರಿನ ಅಂಚಿಗೆ ಸರಿಯಾಗಿ ದಬ್ಬೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಹಿಂದೆಗೆದು ಅಳೆದೆ: ಒಂಬತ್ತು ಅಡಿ. ಬಾಡಿಗೆಗೆ ತಂದ, ತುದಿಗೆ ತುದಿ ತಿರುಗಿಸಿ ಜೋಡಿಸುವ ಸ್ಕ್ರೂ ರಾಡುಗಳನ್ನು ಬಳಿಕ ಬಲಕ್ಕೇ ತಿರುಗಿಸುತ್ತಾ ತಳ್ಳಿದೆ, ಏಕೆಂದರೆ ಎಡಕ್ಕೆ ತಿರುಗಿಸಿದರೆ ಅವು ಒಳಗೇ ಬಿಚ್ಚಿಕೊಳ್ಳುತ್ತವೆ. ಹೊರಹೋಗುವ ಬಾಯಿಗೆ ತಂತಿಜಾಲರಿ ಅಡ್ಡವಿಟ್ಟಿದ್ದರಿಂದ, ನೀರು ಭೋರೆಂದು ನುಗ್ಗಿದಾಗ ಕಸವೆಲ್ಲ ಅಲ್ಲೇ ಸಿಕ್ಕಿಬಿತ್ತು. ಸುಣ್ಣದ ಹೆಂಟೆಯಂತೆ ಬೆಳ್ಳಗೆ ಹೆಪ್ಪುಗಟ್ಟಿದ ಎಣ್ಣೆಜಿಡ್ಡು, ಅದರೊಳಗೆ ಒತ್ತಾಗಿ ಸೇರಿಕೊಂಡ ಕಾಫಿ ಚರಟ, ಕೂದಲು, ಇವೆಲ್ಲವನ್ನೂ ಹಿಡಿದುಕೊಂಡಿದ್ದ ಜಡೆಯಂಥ ಬೇರಿನ ಗೊಂಚಲು.

ಬೇರು ಕಂಡಮೇಲೆ ಅದು ಕಸ ತೆಗೆದು ಮುಗಿಸುವ ಕೆಲಸವಾಗಿರಲಿಲ್ಲ. ಗುರುತು ಹಾಕಿದ್ದ ಒಂಬತ್ತನೆಯ ಅಡಿಯಲ್ಲೇ ಅಗೆದಾಗ ಹಳೆಯ ಜೇಡಿಪೈಪಿನ ಜೋಡಣೆ ಬಿರಿದು ಪೈಪು ಕುಸಿದಿತ್ತು. ಆ ಇಪ್ಪತ್ತು ಅಡಿಗೂ 110 ಮಿಲಿಮೀಟರ್ ಪಿವಿಸಿ ಪೈಪನ್ನು 40 ಅಡಿಗೆ ಒಂದು ಅಡಿಯ ಲೆಕ್ಕದಲ್ಲಿ, ಅಂದರೆ ಒಟ್ಟು ಆರು ಅಂಗುಲ ಇಳಿಜಾರಿನಲ್ಲಿ, ನೀರು ತುಂಬಿದ ಪಾರದರ್ಶಕ ನಳಿಕೆಯಿಂದ ಮಟ್ಟ ನೋಡುವ ಟ್ಯೂಬ್ ಲೆವೆಲ್ ಹಿಡಿದು ಹಾಕಿಸಿದೆವು. ಎರಡು ಮನೆಗಳ ತಾರಸಿಯ ಮಳೆನೀರೂ ಇದೇ ಪೈಪಿಗೆ ಸೇರಿತ್ತು. ಅದನ್ನು ಬೇರ್ಪಡಿಸಿ ರಸ್ತೆಬದಿಯ ಮಳೆಚರಂಡಿಗೆ ಬಿಟ್ಟೆವು.

ಖರ್ಚು ಹಂಚುವಾಗ ಮೇಲ್ತುದಿಯ ಮನೆಯ ನಿವೃತ್ತ ಮೇಷ್ಟ್ರು, "ನಮ್ಮಲ್ಲಿ ನೀರು ಸರಾಗವಾಗಿ ಹೋಗ್ತಿದೆಯಲ್ಲಪ್ಪಾ, ನಾನ್ಯಾಕೆ ಕೊಡಬೇಕು?" ಎಂದರು. "ಒಂದು ನಿಮಿಷ ಬನ್ನಿ ಮೇಷ್ಟ್ರೇ" ಎಂದು ಅವರ ಬಟ್ಟೆಕಲ್ಲಿನ ಬಳಿ ಬಟ್ಟೆಗೆ ಹಾಕುವ ನೀಲಿಯನ್ನು ಒಂದು ಬಕೆಟ್ ನೀರಿನಲ್ಲಿ ಕದಡಿ ಸುರಿದೆ. ಅವರು ಕೆಳಗಿಳಿದು ಬಂದು ನಮ್ಮ ಛೇಂಬರಿನ ಪಕ್ಕ ನಿಂತು ನೋಡುತ್ತಿದ್ದಂತೆ ನೀಲಿ ನೀರು ಹರಿದು ಬಂತು. ಅವರು ಮತ್ತೆ ಮಾತಾಡದೆ ನಾಲ್ಕನೆಯ ಒಂದು ಪಾಲು ಕೊಟ್ಟರು. ಈಗ ಮೂರು ತಿಂಗಳಿಗೊಮ್ಮೆ ಎಲ್ಲ ಮುಚ್ಚಳಗಳನ್ನೂ ತೆಗೆದು ನೋಡುವ ದಿನವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವವರು ಅವರೇ. ಕಳೆದ ಬಾರಿ ನೋಡಿದಾಗ ನಮ್ಮ ಛೇಂಬರಿನ ತಳದಲ್ಲಿ ಎರಡು ಬೆರಳಷ್ಟು ನೀರು ಎಲ್ಲೂ ನಿಲ್ಲದೆ ಹರಿಯುತ್ತಿತ್ತು.