ಹೆಂಡತಿಯ ಹೆಸರಿನಿಂದ ಸಿಕ್ಕ ಸಿಪಾಯಿ

ನಮ್ಮ ತಾತನ ಅಣ್ಣ ಎರಡನೇ ಮಹಾಯುದ್ಧಕ್ಕೆ ಹೋದವರು ವಾಪಸು ಬರಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಮೂರು ಕಥೆ ಇದ್ದವು. ಮಹಾರಾಜರ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್ ಜೊತೆ, ಈಗಿನ ಇಸ್ರೇಲಿನ ಹೈಫಾದಲ್ಲಿ ಸತ್ತರು ಅಂತ ಒಂದು. ಆ ಯುದ್ಧ 1918ರದ್ದು, ಆಗ ದೊಡ್ಡತಾತ ತೊಟ್ಟಿಲಲ್ಲಿದ್ದರೋ ಏನೋ. ಬೋಸರ ಸೈನ್ಯ ಸೇರಿ ಇಂಫಾಲದಲ್ಲಿ ಸತ್ತರು ಅನ್ನುವುದು ಚಿಕ್ಕಪ್ಪನ ಕಥೆ. ಸತ್ತೇ ಇಲ್ಲ, ಮಲಯಾದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾರೆ ಅನ್ನುವುದು ಊರಿನವರದು. ಈ ಮೂರನೆಯದು ದೊಡ್ಡಜ್ಜಿಯ ಕಿವಿಗೂ ಬಿದ್ದಿತ್ತು. ಆದರೂ ಅವಳು ಕುಂಕುಮ ಅಳಿಸಲಿಲ್ಲ, ಮಹಾಲಯ ಅಮಾವಾಸ್ಯೆಗೆ ಗಂಡನ ಹೆಸರಲ್ಲಿ ಎಡೆ ಇಡೋಕೆ ಬಿಡಲೂ ಇಲ್ಲ.

ಕೈಯಲ್ಲಿದ್ದ ದಾಖಲೆ ಒಂದೇ: ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಸಿಕ್ಕ ಖಾಲಿ ಲಕೋಟೆ. ಅದರ ಮೇಲೆ ಪೆನ್ಸಿಲ್‌ನಲ್ಲಿ ರೆಜಿಮೆಂಟ್ ನಂಬರು (ಸೈನ್ಯ ಒಬ್ಬೊಬ್ಬ ಸಿಪಾಯಿಗೂ ಕೊಡುವ ನಂಬರು), ಪಕ್ಕದಲ್ಲಿ 'ಮೈಸೂರು ಇನ್‌ಫೆಂಟ್ರಿ', ಅಂದರೆ ಮೈಸೂರು ಸಂಸ್ಥಾನದ ಕಾಲಾಳು ಪಡೆ. ನಂಬರಿನ ಮೊದಲ ಅಂಕಿ 1 ಇರಬಹುದು, 7 ಇರಬಹುದು. ಮಡಿಕೆ ಸರಿಯಾಗಿ ಅದರ ಮೇಲೇ ಬಿದ್ದು ನೂಲು ನೂಲಾಗಿತ್ತು. ಖೋಟಾ ನೋಟು ನೋಡುವ ನೀಲಿ ಟಾರ್ಚು 300 ರೂಪಾಯಿ ಕೊಟ್ಟು ತಂದೆ. ನೋಟು ಚೆನ್ನಾಗಿ ಕಂಡಿತು, ಪೆನ್ಸಿಲ್ ಕಾಣಲಿಲ್ಲ. ಆಮೇಲೆ ಕತ್ತಲ ಕೋಣೆಯಲ್ಲಿ ಲಕೋಟೆ ಮೇಜಿನ ಮೇಲಿಟ್ಟು, ಮಾಮೂಲಿ ಟಾರ್ಚನ್ನೇ ನೆಲಮಟ್ಟಕ್ಕೆ ಹಿಡಿದು ಅಡ್ಡ ಬೆಳಕು ಬಿಟ್ಟಾಗ ಪೆನ್ಸಿಲ್ ಒತ್ತಿದ ಗೀರು ನೆರಳಾಗಿ ಎದ್ದಿತು. 7. ಫೋಟೊ ತೆಗೆದ ಮೇಲೆ ಮಾಡಿದ ಇನ್ನೊಂದು ಕೆಲಸವೂ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬೇಕಾದವರು ಲಕೋಟೆ ತಗೊಂಡು ಮನೆಗೆ ಬನ್ನಿ.

ಮೈಸೂರು ಇನ್‌ಫೆಂಟ್ರಿ ಅಂದ ಮೇಲೆ ಸಿಂಗಾಪುರ, 1942 ಫೆಬ್ರವರಿ 15, ಬ್ರಿಟಿಷರ ಕಡೆಯ ಸೈನ್ಯ ಜಪಾನಿಗೆ ಶರಣಾಗಿ ಸೆರೆ ಸಿಕ್ಕ ದಿನ. ನನ್ನ ಹಾಗೆ ಯುದ್ಧಕ್ಕೆ ಹೋದ ಮನೆಯವರನ್ನು ಹುಡುಕುತ್ತಿರುವ ನಿಮಗೆಲ್ಲ ಇದು ಗೊತ್ತಿರುವುದೇ. ಕಲಬುರಗಿ, ಬೀದರ್, ರಾಯಚೂರು ಕಡೆಯವರು ಮೈಸೂರಿನ ಪಟ್ಟಿಯಲ್ಲಿ ತಲೆ ಹಾಕುತ್ತಾ ಕೂರಬೇಡಿ. ನಿಜಾಮರ ಹೈದರಾಬಾದ್ ಇನ್‌ಫೆಂಟ್ರಿಯೂ ಮಲಯಾದಲ್ಲಿತ್ತು, ನಿಮ್ಮವರು ಅದರಲ್ಲಿ ಇರೋ ಸಾಧ್ಯತೆ ಹೆಚ್ಚು.

ನಾನು ಹಾಳು ಮಾಡಿದ ದುಡ್ಡಿನ ಲೆಕ್ಕ ಕೇಳಿ. ಲಂಡನ್ನಿನಿಂದ ದಾಖಲೆ ತರಿಸಿ ಕೊಡ್ತೀನಿ ಅಂದ ಒಬ್ಬ ಮಹಾಶಯನಿಗೆ 12,000 ಕೊಟ್ಟೆ. ಎಂಟು ತಿಂಗಳಾದ ಮೇಲೆ ಒಂದು ಕವರು ಬಂತು. ಒಳಗೆ ಇಂಟರ್ನೆಟ್‌ನಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡಬಹುದಾದ ಪುಟಗಳ ಪ್ರಿಂಟು, ಅದೂ ಬೇರೆ ರೆಜಿಮೆಂಟಿನವು. ಸ್ವಾತಂತ್ರ್ಯದ ನಂತರ ಮೈಸೂರು ಇನ್‌ಫೆಂಟ್ರಿ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತಲ್ಲ, ಆ ಜಾಡು ಹಿಡಿದು ಪತ್ರದ ಮೇಲೆ ಪತ್ರ ಹಾಕಿದೆ. ಒಂದು ಕಚೇರಿಯಲ್ಲಿ "ಕಡತ ಹುಳ ತಿಂದಿದೆ" ಅಂದರು, ಇನ್ನೊಂದರಲ್ಲಿ "ನೀವು ವಾರಸುದಾರರು ಅನ್ನೋದಕ್ಕೆ ಏನು ಗ್ಯಾರಂಟಿ" ಅಂದರು. ಬೆಂಗಳೂರಿಗೆ ಆರೋ ಏಳೋ ಸಲ ಓಡಾಟ, ಊಟ, ಜೆರಾಕ್ಸು. ಒಟ್ಟು 22,000ದ ಆಸುಪಾಸು ಹೋಯಿತು.

ನಡುವೆ ಹಡಗಿನ ಹುಚ್ಚು ಬೇರೆ. 1943 ಜನವರಿ 26ರಂದು ವಾಹೂ ಅನ್ನುವ ಅಮೆರಿಕದ ಸಬ್‌ಮೆರೀನು ನ್ಯೂಗಿನಿಯ ಉತ್ತರಕ್ಕೆ ಬುಯೋ ಮಾರು ಅನ್ನುವ ಜಪಾನಿ ಹಡಗನ್ನು ಮುಳುಗಿಸಿತು. ಅದರಲ್ಲಿ ನಮ್ಮ ಸೈನಿಕ ಕೈದಿಗಳು 491 ಜನ ಇದ್ದರು, ಸತ್ತವರು 195. ದೊಡ್ಡತಾತ ಇದರಲ್ಲೇ ಹೋಗಿರಬೇಕು ಅಂತ ಮೂರು ವಾರ ನಿದ್ದೆಗೆಟ್ಟೆ. ಆಮೇಲೆ ನೋಡಿದರೆ ಅವರು 16ನೇ ಪಂಜಾಬ್ ರೆಜಿಮೆಂಟಿನ 2ನೇ ಬೆಟಾಲಿಯನ್‌ನವರು. ನಮಗೆ ಸಂಬಂಧವೇ ಇಲ್ಲ.

ಎರಡು ಮಹಾಯುದ್ಧಗಳಲ್ಲಿ ಸತ್ತ ಬ್ರಿಟಿಷ್ ಕಡೆಯ ಸೈನಿಕರ ಸಮಾಧಿ, ಹೆಸರು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಪಟ್ಟಿಯಲ್ಲಿ ಹೆಸರು ಹಾಕಿ ಹುಡುಕೋದು ಎಲ್ಲರೂ ಮಾಡುತ್ತಾರೆ, ಎಲ್ಲರೂ ಸೋಲುತ್ತಾರೆ. ದೊಡ್ಡತಾತನ ಹೆಸರು ಕೆಂಪಯ್ಯ ಅಂತ ಇಟ್ಟುಕೊಳ್ಳಿ (ನಿಜವಾದ ಹೆಸರು ಬೇರೆ). ಇಂಗ್ಲಿಷಿನಲ್ಲಿ ಗುಮಾಸ್ತ ಅದನ್ನು ಕೆಂಪ್ ಅಯ್ಯ ಅಂತ ಒಡೆಯಬಹುದು, ಕೆಂಪಿಯಾ ಮಾಡಬಹುದು, ಕೆ ಬದಲು ಸಿ ಹಾಕಬಹುದು. ಮೂವತ್ತೊಂದು ಥರ ಬರೆದು ನೋಡಿದೆ, ಒಂದೂ ಹತ್ತಲಿಲ್ಲ. ನಂಬರೂ ಹತ್ತಲಿಲ್ಲ.

ಆಗ ಹೊಳೆದದ್ದು ದೊಡ್ಡಜ್ಜಿ. ಆ ಪಟ್ಟಿಯಲ್ಲಿ ಕೆಲವರ ಮುಂದೆ 'ಇಂಥವರ ಮಗ, ಇಂಥವಳ ಗಂಡ, ಇಂಥ ಊರು' ಅಂತ ಒಂದು ಸಾಲು ಇರುತ್ತದಲ್ಲ. "ಹೆಂಡ್ತಿ ಹೆಸರಲ್ಲಿ ಸಿಪಾಯಿನ ಹುಡುಕ್ತೀಯೇನೋ?" ಅಂತ ಚಿಕ್ಕಪ್ಪ ನಕ್ಕರು. ಇಂಥ ಕೆಲಸದಲ್ಲಿ ಪಳಗಿದ ಗೆಳೆಯರೊಬ್ಬರು, ಸಂಸ್ಥಾನದ ಸೈನ್ಯದವರ ಮುಂದೆ ಆ ಸಾಲೇ ಇರಲ್ಲ ಬಿಡ್ರಿ ಅಂದರು. ನಾನು ಹೆಸರಿನ ಗೋಜು ಬಿಟ್ಟು ಮೈಸೂರು ಇನ್‌ಫೆಂಟ್ರಿಯ ಪೂರ್ತಿ ಪಟ್ಟಿಯನ್ನು ಎಕ್ಸೆಲ್‌ಗೆ ಇಳಿಸಿಕೊಂಡೆ. 1942 ಫೆಬ್ರವರಿ 15ರ ನಂತರದ ಸಾವುಗಳನ್ನು ಮಾತ್ರ ಉಳಿಸಿಕೊಂಡು, ಕೊನೆಯ ಕಾಲಂ ಒಂದೊಂದೇ ಓದುತ್ತಾ ಬಂದೆ. ರಾತ್ರಿ ಹನ್ನೊಂದೂವರೆಗೆ ದೊಡ್ಡಜ್ಜಿ ಸಿಕ್ಕಳು. ಗಂಡನ ಹೆಸರು ಮೂರು ತುಂಡಾಗಿತ್ತು, ನಂಬರಿನಲ್ಲಿ ಎರಡು ಅಂಕಿ ಅದಲು ಬದಲಾಗಿತ್ತು, ಅರಸೀಕೆರೆ 'ಆರ್ಸಿಕೇರ್' ಆಗಿತ್ತು. ಅವಳ ಹೆಸರಿನಲ್ಲಿ ಮಾತ್ರ ಒಂದಕ್ಷರ ತಪ್ಪಿರಲಿಲ್ಲ.

ಸಾವು 1943ರ ಆಗಸ್ಟ್. ಇಂಫಾಲದ ಕಾಳಗ ಶುರುವಾದದ್ದು 1944ರ ಮಾರ್ಚಿನಲ್ಲಿ. ಚಿಕ್ಕಪ್ಪನ ಕಥೆ ಅಲ್ಲಿಗೆ ಮುಗಿಯಿತು (ಅವರು ಒಪ್ಪಿಲ್ಲ, ಆ ಮಾತು ಬೇರೆ). ಹೆಸರು ಇರುವುದು ಸಿಂಗಾಪುರದ ಕ್ರಾಂಜಿ ಯುದ್ಧ ಸ್ಮಶಾನದಲ್ಲಿ. ಸಮಾಧಿ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರಿನ ದೊಡ್ಡ ಸ್ಮಾರಕದಲ್ಲಲ್ಲ, ನಾನು ಹುಡುಕಿ ಹುಡುಕಿ ಸತ್ತದ್ದು ಅಲ್ಲಿ. ಅದರ ಹಿಂದೆಯೇ ಒಂದು ಸಣ್ಣ ಸ್ಮಾರಕ ಇದೆ, ಸಿಂಗಾಪುರ್ ಕ್ರಿಮೇಷನ್ ಮೆಮೋರಿಯಲ್. ಸುಮಾರು 800 ಹೆಸರು, ಹೆಚ್ಚಿನವರು ನಮ್ಮವರೇ, ಧರ್ಮದ ಪ್ರಕಾರ ದಹನ ಆದವರು. ಅಂದರೆ ಸೆರೆಯಲ್ಲೇ ಸತ್ತರೂ ದೊಡ್ಡತಾತನಿಗೆ ಬೆಂಕಿ ಸಿಕ್ಕಿತ್ತು. ಇದನ್ನು ಹೇಳಿದಾಗ ನಮ್ಮವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸಿ, "ಇನ್ನೊಂದ್ಸಲ ಹೇಳು" ಅಂದಳು.

ಸಿಂಗಾಪುರದಲ್ಲೇ ಕೆಲಸದಲ್ಲಿರುವ ನಮ್ಮೂರ ಹುಡುಗ ಒಂದು ಭಾನುವಾರ ಮೆಟ್ರೋ ಹತ್ತಿ ಹೋಗಿ ಫೋಟೊ ಕಳಿಸಿದ. ಖರ್ಚು ಸೊನ್ನೆ, ಚಹಾ ಪುಡಿ ಕಳಿಸಿ ಅಂದ ಅಷ್ಟೆ. ತಾರೀಖು ಹಿಡಿದು ತಿಥಿ ತೆಗೆಸೋಕೆ ಹೋದರೆ ಇಬ್ಬರು ಜೋಯಿಸರು ಎರಡು ತಿಥಿ ಹೇಳಿದರು. ಹಳೇ ಪಂಚಾಂಗ ಹುಡುಕುತ್ತಿದ್ದೇನೆ. ಇದೇ ದಾರಿ ಹಿಡಿದು ಸುತ್ತಮುತ್ತಲ ಇನ್ನೂ ಮೂರು ಮನೆಯವರನ್ನು ಪತ್ತೆ ಮಾಡಿದ್ದೇನೆ. ಸಂಸ್ಥಾನದ ಸೈನ್ಯ ಅಂತ ಮೂಗು ಮುರಿದ ಗೆಳೆಯರೇ ಎರಡು ಮನೆ ತೋರಿಸಿದ್ದು.

ಒಂದು ಮಾತ್ರ ಬಗೆಹರಿದಿಲ್ಲ. ದೊಡ್ಡಜ್ಜಿಯ ಹೆಸರು ಅಷ್ಟು ಸರಿಯಾಗಿ ಅಲ್ಲಿಗೆ ಹೋಗಿದ್ದು ಹೇಗೆ? ಭರ್ತಿ ಪುಸ್ತಕದಿಂದಲೂ ಹೋಗಿರಬಹುದು. ಆದರೆ ಅವಳಿಗೆ ತಿಂಗಳು ತಿಂಗಳು ಮನಿಯಾರ್ಡರ್ ಬರುತ್ತಿತ್ತಂತೆ. ಪೋಸ್ಟಿನವನ ಮುಂದೆ ಹೆಬ್ಬೆಟ್ಟು ಒತ್ತಿಸುತ್ತಿದ್ದದ್ದು ನಮ್ಮ ತಾತನೇ. ಅದು ಗಂಡನ ಸಂಬಳ ಅಂತಲೇ ದೊಡ್ಡಜ್ಜಿ ಕೊನೆವರೆಗೂ ತಿಳಿದಿದ್ದಳು ಅನ್ನುತ್ತಾಳೆ ಅವ್ವ. ಚಿಕ್ಕಪ್ಪನನ್ನು ಕೇಳಿದೆ. ಅವರು ಎದ್ದು ದನ ಕಟ್ಟೋಕೆ ಹೋದರು.