ಆಸ್ಟ್ರೋಸ್ ಬಂದ್ರೆ ಸ್ಟೇಡಿಯಂ ಪೂರ್ತಿ ಯಾಕೆ ಬೂ ಅನ್ನುತ್ತೆ? ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ

ನಮ್ಮವ್ರಲ್ಲಿ ಬಹಳ ಜನ ಇಲ್ಲಿ ಬೇಸ್‌ಬಾಲ್ ಸ್ಟೇಡಿಯಂ ಮೆಟ್ಟಿಲು ಹತ್ತೋದು ಆಫೀಸ್ ಟೀಮ್ ಔಟಿಂಗ್ ನೆಪದಲ್ಲಿ, ಇಲ್ಲಾ ಬೇಸಿಗೇಲಿ ಊರಿಂದ ಬಂದಿರೋ ಅಪ್ಪ ಅಮ್ಮಂಗೆ ಏನಾದ್ರೂ ತೋರಿಸ್ಬೇಕಲ್ಲ ಅಂತ. ಕ್ರಿಕೆಟ್ ಗೊತ್ತಿದ್ದವ್ರಿಗೆ ಆಟ ಬೇಗ ಹಿಡಿತಕ್ಕೆ ಸಿಗುತ್ತೆ, ಆದ್ರೆ ಪಕ್ಕದಲ್ಲಿ ಕೂತವ್ರು ಯಾಕೆ ಹಂಗಾಡ್ತಾರೆ ಅನ್ನೋದು ಗೊತ್ತಾಗ್ಬೇಕಂದ್ರೆ ಹಳೇ ಜಗಳಗಳು ಗೊತ್ತಿರ್ಬೇಕು. ನ್ಯೂಯಾರ್ಕಲ್ಲೋ ಲಾಸ್ ಏಂಜಲೀಸಲ್ಲೋ ನೀವಿದ್ದು, ಅವತ್ತಿನ ಎದುರಾಳಿ ಹೂಸ್ಟನ್ ಆಸ್ಟ್ರೋಸ್ ಆಗಿದ್ರೆ, ಹೋಸೆ ಆಲ್ಟೂವೆ ಅನ್ನೋ 5 ಅಡಿ 6 ಇಂಚಿನ ಆಟಗಾರ ಬ್ಯಾಟ್ ಹಿಡ್ಕೊಂಡು ಈಚೆ ಬಂದ ತಕ್ಷಣ ಅಜ್ಜ ಅಜ್ಜಿಯರಿಂದ ಹಿಡಿದು ಸ್ಕೂಲ್ ಹುಡುಗ್ರವರೆಗೂ ಎಲ್ರೂ ಒಂದೇ ಉಸಿರಲ್ಲಿ ಬೂ ಅಂತಾರೆ, ಯಾರೋ ಒಬ್ರು ಗಾಳಿ ತುಂಬಿದ ಕಸದ ಡಬ್ಬ ಎತ್ತಿ ಆಡಿಸ್ತಿರ್ತಾರೆ. ಕಸದ ಡಬ್ಬ ಯಾಕೆ ಅಂತ ಕೇಳಿದ್ರೆ ಪಕ್ಕದವ್ರು ನಿಮ್ಮನ್ನ ಒಂಥರಾ ನೋಡ್ತಾರೆ, ಅದಕ್ಕೇ ಇದನ್ನ ಬರೀತಿರೋದು.

ಈ ಜಗಳದ ಮೂಲ ಸೈನ್ ಕದ್ದಿದ್ದು, ಹಂಗಾಗಿ ಮೊದ್ಲು ಸೈನ್ ಅಂದ್ರೇನು ಅಂತ. ಬ್ಯಾಟರ್ ಹಿಂದೆ ಕುಕ್ಕರಗಾಲಲ್ಲಿ ಕೂತಿರೋನು ಕ್ಯಾಚರ್. ಮುಂದಿನ ಬಾಲ್ ಫಾಸ್ಟಾ, ತಿರುಗೋದಾ, ನಿಧಾನದ್ದಾ ಅಂತ ಅವ್ನು ತೊಡೆ ಮಧ್ಯೆ ಬೆರಳು ತೋರಿಸಿ, ಬಾಲ್ ಎಸೆಯೋ ಪಿಚರ್‌ಗೆ ಹೇಳ್ತಿದ್ದ. ಗಂಟೆಗೆ 95 ಮೈಲಿ ಸ್ಪೀಡಲ್ಲಿ ಬರೋ ಬಾಲಿಗೆ ಬ್ಯಾಟರ್ ಹತ್ರ ಅರ್ಧ ಸೆಕೆಂಡೂ ಇರಲ್ಲ, ಹಂಗಾಗಿ ಯಾವ್ದು ಬರುತ್ತೆ ಅಂತ ಮೊದ್ಲೇ ಗೊತ್ತಾಗ್ಬಿಟ್ರೆ ಅರ್ಧ ಕೆಲಸ ಮುಗೀತು. ಇಲ್ಲೊಂದು ಸೂಕ್ಷ್ಮ ಇದೆ. ಸೆಕೆಂಡ್ ಬೇಸಲ್ಲಿ ನಿಂತಿರೋ ರನ್ನರ್ ಬರಿಗಣ್ಣಲ್ಲಿ ಆ ಬೆರಳು ನೋಡಿ ಬ್ಯಾಟರ್‌ಗೆ ಸುಳಿವು ಕೊಟ್ರೆ ತಪ್ಪಿಲ್ಲ, ಅದು ಚಾಲಾಕಿತನ ಅಂತ ಎಲ್ರೂ ಒಪ್ಕೊಂಡಿರೋ ವಿಷ್ಯ. ಕ್ಯಾಮೆರಾ, ಟಿವಿ, ಫೋನು, ವಾಚು ಬಳಸಿದ್ರೆ ಮೋಸ. ಈ ಗೆರೆ ಗೊತ್ತಿಲ್ದೆ ಎಲ್ರೂ ಕದೀತಾರಲ್ವಾ ಅಂತ ವಾದಕ್ಕಿಳಿದ್ರೆ ಲಂಚ್ ಟೇಬಲಲ್ಲಿ ನಿಮ್ಮ ಕಥೆ ಮುಗೀತು.

ಆಸ್ಟ್ರೋಸ್ ಮಾಡಿದ್ದು ಇದು. 2017ರಲ್ಲಿ ತಮ್ಮ ಸ್ವಂತ ಗ್ರೌಂಡಲ್ಲಿ ಸೆಂಟರ್ ಫೀಲ್ಡ್ ಕ್ಯಾಮೆರಾ ಕ್ಯಾಚರ್ ಬೆರಳಿಗೆ ಫೋಕಸ್ ಮಾಡಿ, ಆಟಗಾರರು ಕೂರೋ ಡಗೌಟ್ ಹಿಂದಿನ ಓಣೀಲಿ ಟಿವಿ ಇಟ್ಕೊಂಡು, ನಿಧಾನದ್ದೋ ತಿರುಗೋದೋ ಬರ್ತಿದ್ರೆ ಪಕ್ಕದಲ್ಲಿದ್ದ ಕಸದ ಡಬ್ಬಕ್ಕೆ ಬ್ಯಾಟಲ್ಲಿ ಬಡಿಯೋದು, ಫಾಸ್ಟ್ ಬಾಲ್ ಆದ್ರೆ ಸುಮ್ನಿರೋದು. ಅಷ್ಟೇ. ಕೋಟ್ಯಂತರ ಡಾಲರ್ ಟೀಮು, ಡೇಟಾ ಸೈನ್ಸ್ ಅಂತ ಊರೆಲ್ಲಾ ಹೊಗಳಿಸ್ಕೊಂಡವ್ರು, ಕೊನೆಗೆ ಡಬ್ಬ ಬಡಿಯೋ ಟೆಕ್ನಾಲಜಿ! ಆ ವರ್ಷ ಅವ್ರು ವರ್ಲ್ಡ್ ಸೀರೀಸ್, ಅಂದ್ರೆ ಲೀಗಿನ ಫೈನಲ್ ಸರಣಿ ಗೆದ್ರು.

ಇದು ಹೊರಗೆ ಬಿದ್ದಿದ್ದು 2019ರ ನವೆಂಬರಲ್ಲಿ, 2017ರಲ್ಲಿ ಅದೇ ಟೀಮಲ್ಲಿದ್ದ ಪಿಚರ್ ಮೈಕ್ ಫಿಯರ್ಸ್ ತನ್ನ ಹೆಸರು ಹಾಕ್ಕೊಂಡೇ ಪತ್ರಕರ್ತರ ಹತ್ರ ಬಾಯಿಬಿಟ್ಟಾಗ. ಅವತ್ತೇ ಜನ ಹಳೇ ವಿಡಿಯೋ ಹುಡುಕಿ ತೆಗೆದ್ರು. ಹೆಚ್ಚು ಓಡಿದ್ದು 2017ರ ಸೆಪ್ಟೆಂಬರಿನ ಒಂದು ತುಣುಕು. ಶಿಕಾಗೋ ವೈಟ್ ಸಾಕ್ಸ್ ಪಿಚರ್ ಡ್ಯಾನಿ ಫಾರ್ಕರ್ ಬಾಲ್ ಎಸೀತಿದಾನೆ, ಎದುರಿಗೆ ಇವಾನ್ ಗ್ಯಾಟಿಸ್, ಸ್ಟೇಡಿಯಂ ಸಾಕಷ್ಟು ಸುಮ್ನಿದೆ. ಕ್ಯಾಚರ್ ಚೇಂಜಪ್‌ಗೆ, ಅಂದ್ರೆ ನಿಧಾನದ ಬಾಲಿಗೆ ಸನ್ನೆ ಮಾಡಿದಾಗೆಲ್ಲ ಒಳಗಿಂದ ಢಬ್ ಅನ್ನುತ್ತೆ, ಫಾಸ್ಟ್ ಬಾಲಿಗೆ ಏನೂ ಇಲ್ಲ. ಫಾರ್ಕರ್ ಮುಖ ಬದಲಾಗೋದು ಕಾಣುತ್ತೆ, ಹಿಂದಕ್ಕೆ ಸರೀತಾನೆ, ಕ್ಯಾಚರನ್ನ ಹತ್ರ ಕರೆದು ಸೈನ್ ಬದಲಾಯಿಸ್ತಾನೆ. ಒಮ್ಮೆ ಕೇಳಿಸ್ಕೊಂಡ್ರೆ ಕಿವಿಯಿಂದ ಹೋಗಲ್ಲ ಆ ಸದ್ದು. ಆಸ್ಟ್ರೋಸ್ ಅಭಿಮಾನಿಯೇ ಆಗಿದ್ದ ಒಬ್ಬ ಪುಣ್ಯಾತ್ಮ ಆ ವರ್ಷದ ಹೋಮ್ ಮ್ಯಾಚ್‌ಗಳ ವಿಡಿಯೋ ಸಿಕ್ಕಷ್ಟೂ ಕೂತು ನೋಡಿ, ಎಂಟು ಸಾವಿರಕ್ಕೂ ಹೆಚ್ಚು ಬಾಲ್‌ಗಳಲ್ಲಿ ಸಾವಿರದ ನೂರಕ್ಕೂ ಮೇಲೆ ಬಡಿತ ಲೆಕ್ಕ ಹಾಕಿ ನೆಟ್ಟಲ್ಲಿ ಹಾಕ್ಬಿಟ್ಟ. ತನ್ನ ಟೀಮಿನ ಕಳ್ಳತನ ತಾನೇ ಕೂತು ಎಣಿಸೋಕೆ ಎಷ್ಟು ನೋವಾಗಿರ್ಬೇಕು ಅಂತ ನಂಗನ್ಸುತ್ತೆ.

ಈಗ ಶಿಕ್ಷೆ ವಿಷ್ಯಕ್ಕೆ ಬರೋಣ, ಜನ ಕೆರಳಿದ್ದು ಮೋಸಕ್ಕಿಂತ ಹೆಚ್ಚಾಗಿ ಇಲ್ಲೇ. 2020ರ ಜನವರಿ 13ಕ್ಕೆ ಬೇಸ್‌ಬಾಲ್ ಲೀಗಿನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ತೀರ್ಪು ಕೊಟ್ರು. ಟೀಮಿಗೆ 50 ಲಕ್ಷ ಡಾಲರ್ ದಂಡ, ಹೊಸ ಹುಡುಗ್ರನ್ನ ಆರಿಸೋ 2020 ಮತ್ತು 2021ರ ಡ್ರಾಫ್ಟಲ್ಲಿ ಮೊದಲೆರಡು ಸುತ್ತಿನ ಆಯ್ಕೆ ಕಟ್, ಜನರಲ್ ಮ್ಯಾನೇಜರ್ (ಟೀಮ್ ಕಟ್ಟೋನು) ಜೆಫ್ ಲೂನೋ ಮತ್ತು ಮ್ಯಾನೇಜರ್ (ನಮ್ಮ ಕೋಚ್ ಥರ) ಎ.ಜೆ. ಹಿಂಚ್‌ಗೆ ಒಂದು ಸೀಸನ್ ಸಸ್ಪೆನ್ಷನ್. ಓನರ್ ಜಿಮ್ ಕ್ರೇನ್ ಅದೇ ದಿನ ಇಬ್ರನ್ನೂ ಮನೆಗೆ ಕಳಿಸಿದ. ಕಪ್ಪು ವಾಪಸ್ ತಗೊಳ್ಲಿಲ್ಲ. ಡಬ್ಬದ ಸದ್ದು ಕೇಳಿ ಬಾಲ್ ಹೊಡೆದ ಆಟಗಾರರಿಗೆ? ಒಂದು ಮ್ಯಾಚೂ ಇಲ್ಲ, ಒಂದು ಡಾಲರೂ ಇಲ್ಲ.

ನಮಗೆ ಇದು ವಿಚಿತ್ರ. 2015ರಲ್ಲಿ ಲೋಧಾ ಸಮಿತಿ ಚೆನ್ನೈ, ರಾಜಸ್ಥಾನ ಎರಡೂ ಟೀಮನ್ನ ಎರಡು ವರ್ಷ ಐಪಿಎಲ್‌ನಿಂದಲೇ ಹೊರಗಿಟ್ಟಿದ್ದು ನೋಡಿದವ್ರು ನಾವು. ಇಲ್ಲಿ ಹಂಗಾಗಲ್ಲ, ಯಾಕಂದ್ರೆ ಅಧಿಕಾರ ಹಂಚಿರೋ ರೀತಿನೇ ಬೇರೆ. ಕಮಿಷನರ್ ಅಂದ್ರೆ 30 ಟೀಮಿನ ಓನರ್‌ಗಳು ಸೇರಿ ಇಟ್ಕೊಂಡಿರೋ ಮನುಷ್ಯ. ಟೀಮಿಗೆ ಎಷ್ಟು ದಂಡ ಹಾಕ್ಬೋದು ಅನ್ನೋದಕ್ಕೂ ಲೀಗ್ ಸಂವಿಧಾನದಲ್ಲಿ ಮಿತಿ ಇದೆ, ಆ 50 ಲಕ್ಷ ಅನ್ನೋದೇ ಗರಿಷ್ಠ. ಆಟಗಾರರ ಕಡೆ ನೋಡಿದ್ರೆ ಅವ್ರ ಯೂನಿಯನ್ ಅಂದ್ರೆ ಇಲ್ಲಿ ಉಕ್ಕಿನ ಕೋಟೆ, ಯಾರಿಗಾದ್ರೂ ಶಿಕ್ಷೆ ಕೊಟ್ರೆ ಸರಿಯಾದ ಕಾರಣ ತೋರಿಸ್ಬೇಕು, ಇಲ್ಲಾಂದ್ರೆ ಮಧ್ಯಸ್ಥಗಾರನ ಮುಂದೆ ಕೇಸು ಬಿದ್ದೋಗುತ್ತೆ. ಹಂಗೆ ಬೀಳೋಕೆ ಕಾರಣನೂ ಗಟ್ಟಿಯಾಗಿತ್ತು. 2017ರ ಸೆಪ್ಟೆಂಬರಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಆಪಲ್ ವಾಚ್ ಬಳಸಿ ಸಿಕ್ಕಿಬಿದ್ದಾಗ ಮ್ಯಾನ್‌ಫ್ರೆಡ್ ಎಲ್ಲಾ ಟೀಮಿಗೂ ಒಂದು ಮೆಮೋ ಕಳಿಸಿದ್ರು, ಇನ್ಮೇಲೆ ಹಿಂಗಾದ್ರೆ ಜನರಲ್ ಮ್ಯಾನೇಜರ್, ಮ್ಯಾನೇಜರ್ ಹೊಣೆ ಅಂತ. ಲೂನೋ ಆ ಮೆಮೋನ ಕೆಳಗೆ ಕಳಿಸ್ಲೇ ಇಲ್ಲ. ನಮಗೆ ಯಾರೂ ಹೇಳಿಲ್ಲ ಸ್ವಾಮಿ ಅಂದ್ರೆ ಆಟಗಾರರ ವಾದ ನಿಲ್ಲುತ್ತೆ. ಹಂಗಾಗಿ ನಿಜ ಹೇಳಿ, ನಿಮ್ಮನ್ನ ಬಿಡ್ತೀವಿ ಅಂತ ಒಪ್ಪಂದ ಆಯ್ತು, 23 ಆಸ್ಟ್ರೋಸ್ ಆಟಗಾರರು ಸೇರಿ 68 ಜನ ಸಾಕ್ಷಿ ಹೇಳಿದ್ರು. ಕಾನೂನು ದೃಷ್ಟೀಲಿ ಬೇರೆ ದಾರಿ ಕಮ್ಮಿ ಇತ್ತು ಅಂತ ನಾನೂ ಒಪ್ತೀನಿ, ಆದ್ರೆ ಹತ್ತಿರ ಹತ್ತಿರ ಎಲ್ಲಾ ಆಟಗಾರರ ಹೆಸರನ್ನೂ ರಿಪೋರ್ಟಿಂದ ಆಚೆ ಇಟ್ಟು, ಕಾರ್ಲೋಸ್ ಬೆಲ್ಟ್ರಾನ್ ಒಬ್ಬನ ಹೆಸರು ಮಾತ್ರ ಬರೆದಿದ್ದು ನಂಗೆ ಇವತ್ತಿಗೂ ಸರಿ ಕಾಣಲ್ಲ. ಅವ್ನು ಆಗ ನ್ಯೂಯಾರ್ಕ್ ಮೆಟ್ಸ್‌ಗೆ ಹೊಸ ಮ್ಯಾನೇಜರ್, ಒಂದು ಮ್ಯಾಚೂ ನಡೆಸ್ದೆ ಕೆಲಸ ಹೋಯ್ತು. ಇನ್ನು ಹಿಂಚ್ ಕಥೆ ಕೇಳಿ, ಈ ಡಬ್ಬದಾಟ ಇಷ್ಟ ಇಲ್ದೆ ಆ ಟಿವೀನ ಎರಡು ಸಲ ಒಡೆದು ಹಾಕಿದ್ದನಂತೆ, ರಿಪೋರ್ಟಲ್ಲೇ ಇದೆ, ಆದ್ರೆ ಬಾಯಿಬಿಟ್ಟು ನಿಲ್ಸಿ ಅಂತ ಹೇಳ್ಲಿಲ್ಲ.

ಡ್ರಾಫ್ಟ್ ಬಗ್ಗೆ ಒಂದು ಮಾತು. ಕಾಲೇಜು, ಹೈಸ್ಕೂಲಿಂದ ಬರೋ ಹುಡುಗ್ರನ್ನ ಟೀಮುಗಳು ಸರದಿ ಪ್ರಕಾರ ಆರಿಸ್ಕೊಳ್ಳೋ ವ್ಯವಸ್ಥೆ ಅದು. ಎರಡು ವರ್ಷ ಮೊದಲ ಸುತ್ತುಗಳು ಹೋದ್ರೆ ಐದಾರು ವರ್ಷ ಆದ್ಮೇಲೆ ಟೀಮು ಸೊರಗ್ಬೋದು, ನಿಜವಾದ ಏಟು ಬಿದ್ದಿದ್ದು ಅಲ್ಲಿ. ಆದ್ರೆ ಟಿಕೆಟ್ ತಗೊಂಡು ಬಂದವನಿಗೆ ಅದು ಕಣ್ಣಿಗೆ ಕಾಣಲ್ವಲ್ಲ. ಅವ್ನಿಗೆ ಕಾಣೋದು ಅದೇ ಮುಖಗಳು, ಕಪ್ ಗೆದ್ದವ್ರಿಗೆ ಕೊಡೋ ಅದೇ ಉಂಗುರ ಇಟ್ಕೊಂಡು ಆಡ್ತಿರೋದು.

ಉರಿಯೋ ಬೆಂಕಿಗೆ ತುಪ್ಪ ಸುರಿದಿದ್ದು ಫೆಬ್ರವರಿ. ಓನರ್ ಕ್ರೇನ್ ಪ್ರೆಸ್ ಮೀಟಲ್ಲಿ ಇದ್ರಿಂದ ಆಟದ ಮೇಲೆ ಪರಿಣಾಮ ಆಗಿಲ್ಲ ಅಂದ, ಸ್ವಲ್ಪ ಹೊತ್ತಲ್ಲೇ ನಾನು ಹಂಗಂದೇ ಇಲ್ಲ ಅಂದ. ಮ್ಯಾನ್‌ಫ್ರೆಡ್ ಬೇರೆ ಒಂದು ಇಂಟರ್‌ವ್ಯೂನಲ್ಲಿ ವರ್ಲ್ಡ್ ಸೀರೀಸ್ ಟ್ರೋಫೀನ ಲೋಹದ ತುಂಡು ಅಂದ್ಬಿಟ್ರು, ಆಮೇಲೆ ಕ್ಷಮೆ ಕೇಳಿದ್ರು. ಅದಕ್ಕೂ ಮುಂಚೆ ಜನವರೀಲೇ ಲಾಸ್ ಏಂಜಲೀಸ್ ನಗರಸಭೆ, 2017ರಲ್ಲಿ ಆಸ್ಟ್ರೋಸ್, 2018ರಲ್ಲಿ ಬಾಸ್ಟನ್ ಗೆದ್ದ ಕಪ್ ಎರಡೂ ಕಿತ್ತು, ಆ ಎರಡೂ ಫೈನಲಲ್ಲಿ ಸೋತ ನಮ್ಮೂರಿನ ಡಾಡ್ಜರ್ಸ್‌ಗೆ ಕೊಡಿ ಅಂತ ನಿರ್ಣಯ ಪಾಸ್ ಮಾಡ್ತು. ಕ್ಯಾಲಿಫೋರ್ನಿಯಾದ ಕೆಲವು ಲಿಟಲ್ ಲೀಗ್‌ಗಳು ಮಕ್ಕಳ ಟೀಮುಗಳಿಂದ ಆಸ್ಟ್ರೋಸ್ ಹೆಸರೇ ತೆಗೆದ್ವು, ಆ ಕಡೆ ಮಕ್ಕಳನ್ನ ಸೇರಿಸೋ ಅಪ್ಪ ಅಮ್ಮಂದ್ರಿಗೆ ಗೊತ್ತಿರ್ಲಿ.

ಜನ ಬೂ ಅನ್ನೋಕೆ ಸೀಸನ್ ಶುರುವಾಗ್ಲಿ ಅಂತ ಕಾಯ್ತಿದ್ರು, ಬಂತು ಕೋವಿಡ್. 2020ರಲ್ಲಿ 60 ಮ್ಯಾಚು, ಖಾಲಿ ಸ್ಟೇಡಿಯಂ. ಜುಲೈ 28ಕ್ಕೆ ಹೂಸ್ಟನ್‌ನಲ್ಲಿ ಡಾಡ್ಜರ್ಸ್ ಪಿಚರ್ ಜೋ ಕೆಲ್ಲಿ ಆಸ್ಟ್ರೋಸ್‌ನ ಅಲೆಕ್ಸ್ ಬ್ರೆಗ್ಮನ್ ತಲೆ ಹಿಂದೆ ಬಾಲ್ ಎಸೆದು, ಕಾರ್ಲೋಸ್ ಕೊರಿಯಾನ ಔಟ್ ಮಾಡಿ ಅಳೋ ಮಕ್ಕಳ ಥರ ತುಟಿ ಸೊಟ್ಟ ಮಾಡಿ ಅಣಕಿಸಿದ. ಅವ್ನಿಗೆ 8 ಮ್ಯಾಚ್ ಸಸ್ಪೆನ್ಷನ್, ಅಪೀಲಲ್ಲಿ 5 ಆಯ್ತು. ಮೋಸ ಮಾಡಿದವ್ರಿಗೆ ಸೊನ್ನೆ, ಅಣಕಿಸಿದವ್ನಿಗೆ ಎಂಟು! ಜನರಿಗೆ ಬೇರೆ ಯಾವ ವಾದನೂ ಬೇಕಾಗ್ಲಿಲ್ಲ. ಆ ಸೊಟ್ಟ ಮೂತಿ ಟೀ ಶರ್ಟಿಗೆ ಬಂತು, ಗೋಡೆ ಚಿತ್ರ ಆಯ್ತು.

2021ಕ್ಕೆ ಗೇಟ್ ತೆಗೆದ್ರು ನೋಡಿ, ಒಂದು ವರ್ಷ ಅದುಮಿಟ್ಟಿದ್ದೆಲ್ಲ ಹೊರಗೆ ಬಂತು. ಕ್ಯಾಲಿಫೋರ್ನಿಯಾದ ಅನಹೈಮಲ್ಲಿ ಗ್ರೌಂಡಿಗೆ ಗಾಳಿ ಡಬ್ಬ ಬಿತ್ತು, ಆಮೇಲೆ ನಿಜವಾದ ಡಬ್ಬನೂ ಬಿತ್ತು. ಮೇ ತಿಂಗಳು ನ್ಯೂಯಾರ್ಕ್ ಯಾಂಕೀಸ್ ಟೀಮಿನ ಯಾಂಕೀ ಸ್ಟೇಡಿಯಂ ಪೂರ್ತಿ ತುಂಬಿರ್ಲಿಲ್ಲ, ಆದ್ರೂ ಬೈಗುಳದ ಕೋರಸ್ ಟಿವೀಲಿ ಸ್ಪಷ್ಟವಾಗಿ ಕೇಳ್ತಿತ್ತು. ಯಾಂಕೀಸ್ ಜನಕ್ಕೆ ನೋವು ಜಾಸ್ತಿ, ಯಾಕಂದ್ರೆ 2017ರ ಸೆಮಿಫೈನಲ್ ಥರದ ಸರಣೀಲಿ ಏಳೂ ಮ್ಯಾಚು ಆಯಾ ಊರಿನ ಟೀಮೇ ಗೆದ್ದಿತ್ತು, ಅಂದ್ರೆ ಆಸ್ಟ್ರೋಸ್ ಗೆದ್ದ ನಾಲ್ಕೂ ಆ ಡಬ್ಬ ಇದ್ದ ಗ್ರೌಂಡಲ್ಲೇ. ಅದೂ ಅಲ್ದೆ ಆ ವರ್ಷದ ಎಂವಿಪಿ, ಅಂದ್ರೆ ಶ್ರೇಷ್ಠ ಆಟಗಾರ ಪ್ರಶಸ್ತಿ, ಆಲ್ಟೂವೆಗೆ ಸಿಕ್ಕು ಅವ್ರ ಏರನ್ ಜಡ್ಜ್ ಎರಡನೇ ಸ್ಥಾನಕ್ಕೆ ಹೋದ. ತಮಾಷೆ ಏನಂದ್ರೆ ಆ ಎಣಿಕೆ ಪ್ರಕಾರ ಆಲ್ಟೂವೆಗೆ ಬಿದ್ದ ಬಡಿತ ಬಹಳ ಕಮ್ಮಿ, ಅವ್ನಿಗೆ ಅದು ಬೇಡವಾಗಿತ್ತು ಅಂತ ಕೊರಿಯಾನೇ ಹೇಳಿದ. ಬೂ ಮಾತ್ರ ಎಲ್ರಿಗಿಂತ ಜಾಸ್ತಿ ಅವ್ನಿಗೇ. 2017ರಲ್ಲಿ ಟೀಮಲ್ಲೇ ಇಲ್ದಿದ್ದ ಯೋರ್ಡಾನ್ ಅಲ್ವಾರೆಜ್‌ಗೂ ಬೀಳುತ್ತೆ, ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.

ಹೂಸ್ಟನ್ ಕಡೆ ಇರೋ ಕನ್ನಡಿಗರು ಇಷ್ಟು ಓದಿ ಮುಖ ಗಂಟಿಕ್ಕಿರ್ತಾರೆ, ಅವ್ರ ಮಾತೂ ಕೇಳ್ಬೇಕು. 1962ರಲ್ಲಿ ಹುಟ್ಟಿದ ಟೀಮಿಗೆ 2017ರದ್ದೇ ಮೊದಲ ಕಪ್ಪು, ಅದೂ ಹಾರ್ವಿ ಚಂಡಮಾರುತಕ್ಕೆ ಊರು ಮುಳುಗಿ ಎರಡು ತಿಂಗಳಾಗಿದ್ದಾಗ. ಅದನ್ನ ಕಳ್ಳ ಮಾಲು ಅಂದ್ರೆ ಅವ್ರಿಗೆ ಉರಿಯುತ್ತೆ. ಏಳನೇ ಮ್ಯಾಚ್ ಗೆದ್ದಿದ್ದು ಲಾಸ್ ಏಂಜಲೀಸಲ್ಲಿ ಅಂತಾರೆ, ನಿಜ. 2022ರಲ್ಲಿ ಡಸ್ಟಿ ಬೇಕರ್ ಕೈಕೆಳಗೆ ಮತ್ತೆ ಗೆದ್ವಿ ಅಂತಾರೆ, ಅದೂ ನಿಜ. ಬೇರೆ ಟೀಮಿನವ್ರೂ ಮಾಡ್ತಿದ್ರು ಅಂತ ಅವ್ರು ಹೇಳೋದಕ್ಕೆ ಸ್ವಲ್ಪ ಪುರಾವೆ ಸಿಕ್ಕ ದಾರಿ ಮಜವಾಗಿದೆ. ಫ್ಯಾಂಟಸಿ ಗೇಮಲ್ಲಿ ದುಡ್ಡು ಹಾಕಿದ್ದವ್ರು ನಮಗೆ ಮೋಸ ಆಯ್ತು ಅಂತ ಲೀಗ್ ಮೇಲೆ ಕೇಸ್ ಹಾಕಿದ್ರು, ನ್ಯೂಯಾರ್ಕ್ ಜಡ್ಜ್ ಜೆಡ್ ರೇಕಾಫ್ 2020ರಲ್ಲಿ ವಜಾ ಮಾಡಿದ್ರು, 2022ರಲ್ಲಿ ಅಪೀಲೂ ಬಿತ್ತು, ಆದ್ರೆ ಅದೇ ಕೇಸಿಂದ ಲೀಗ್ ಮುಚ್ಚಿಟ್ಟಿದ್ದ ಒಂದು ಪತ್ರ ಹೊರಗೆ ಬಂತು. ಡಗೌಟ್ ಫೋನಲ್ಲಿ ಸೈನ್ ಮಾಹಿತಿ ದಾಟಿಸಿದ್ದಕ್ಕೆ ಯಾಂಕೀಸ್‌ಗೂ 1 ಲಕ್ಷ ಡಾಲರ್ ದಂಡ ಬಿದ್ದಿತ್ತು ಅಂತ ಅದರಲ್ಲಿ. ಹೂಸ್ಟನ್ ಜನ ಕುಣಿದಾಡಿದ್ರು. ನನ್ನ ಪ್ರಕಾರ ಫೋನೂ ಡಬ್ಬನೂ ಒಂದೇ ತೂಕದ್ದಲ್ಲ, ಆಟದ ಮಧ್ಯೆ ಬ್ಯಾಟರ್ ಕಿವಿಗೇ ನೇರ ತಲುಪಿಸೋದು ಬೇರೆ ಮಟ್ಟ. ಹೂಸ್ಟನ್‌ನ ಸೀಸನ್ ಟಿಕೆಟ್‌ದಾರರೂ ಕೇಸ್ ಹಾಕಿ ಸೋತ್ರು. ನೀವು ದುಡ್ಡು ಕೊಡೋದು ಒಳಗೆ ಕೂತು ಮ್ಯಾಚ್ ನೋಡೋಕೆ ಅಷ್ಟೇ, ಒಳಗೆ ನಡೆದಿದ್ದು ಪ್ರಾಮಾಣಿಕವಾಗಿತ್ತಾ ಅಂತ ಆಮೇಲೆ ದುಡ್ಡು ವಾಪಸ್ ಕೇಳೋ ಆಸೆ ಇಟ್ಕೋಬೇಡಿ.

ಸ್ಟೇಡಿಯಂಗೆ ಹೋಗೋರಿಗೆ ಹೇಳೋದಾದ್ರೆ, ಬೂ ಅನ್ನೋದಕ್ಕೆ ಯಾರೂ ಏನೂ ಅನ್ನಲ್ಲ, ಮಕ್ಕಳ ಜೊತೆ ಕೂತು ಗಂಟಲು ಹರಿಯೋ ಹಾಗೆ ಕೂಗಿ. ಹೊಲಸು ಮಾತು, ಮೈದಾನಕ್ಕೆ ಏನಾದ್ರೂ ಎಸೆಯೋದು ಮಾತ್ರ ಬೇಡ, ಸೆಕ್ಯುರಿಟಿ ನೇರ ಹೊರಗೆ ಕಳಿಸುತ್ತೆ, ವೀಸಾ ಮೇಲಿರೋರಿಗೆ ಪೊಲೀಸ್ ಕೇಸಂತೂ ಬೇಡವೇ ಬೇಡ. ಬೋರ್ಡು, ಗಾಳಿ ಡಬ್ಬ ಒಯ್ಯೋ ಮುಂಚೆ ಆ ಸ್ಟೇಡಿಯಂ ನಿಯಮ ನೋಡ್ಕೊಳ್ಳಿ, ಗೇಟಲ್ಲೇ ಕಿತ್ಕೊಳ್ತಾರೆ. ಹೂಸ್ಟನ್ ಆಫೀಸಿಗೆ ಹೊಸದಾಗಿ ಸೇರಿದ್ರೆ ಡಬ್ಬದ ಜೋಕು ಸ್ವಲ್ಪ ದಿನ ಜೇಬಲ್ಲೇ ಇರ್ಲಿ.

ಬೆರಳು ಸನ್ನೆ ಈಗ ಹೆಚ್ಚುಕಮ್ಮಿ ಇಲ್ಲ. 2022ರಿಂದ ಪಿಚ್‌ಕಾಮ್ ಅನ್ನೋ ಸಾಧನ ಬಂದಿದೆ, ಕ್ಯಾಚರ್ ಬಟನ್ ಒತ್ತಿದ್ರೆ ಪಿಚರ್ ಟೋಪಿಯೊಳಗೆ ದನಿ ಕೇಳುತ್ತೆ, ಕ್ಯಾಮೆರಾ ಇಟ್ರೂ ಕದಿಯೋಕೆ ಬೆರಳೇ ಇಲ್ಲ. ಮ್ಯಾನ್‌ಫ್ರೆಡ್ ಕೂಡ 2023ರಲ್ಲಿ, ಆಟಗಾರರಿಗೆ ಆ ವಿನಾಯಿತಿ ಕೊಟ್ಟಿದ್ದು ಅಷ್ಟು ಒಳ್ಳೇ ನಿರ್ಧಾರ ಆಗಿರ್ಲಿಲ್ಲವೇನೋ ಅನ್ನೋ ಧಾಟೀಲಿ ಮಾತಾಡಿದ್ರು. 2017ರ ಟೀಮಲ್ಲಿದ್ದ ಸ್ಪ್ರಿಂಗರ್, ಕೊರಿಯಾ, ಬ್ರೆಗ್ಮನ್ ಬೇರೆ ಟೀಮುಗಳಿಗೆ ಹೋದಾಗ ಬೂನೂ ಹಿಂದೆಯೇ ಹೋಯ್ತು. ಆಲ್ಟೂವೆ ಕಾಂಟ್ರಾಕ್ಟು 2029ರವರೆಗೆ ಹೂಸ್ಟನ್ ಜೊತೆಗಿದೆ, ಹಂಗಾಗಿ ನೀವು ಮುಂದಿನ ವರ್ಷ ಅಪ್ಪ ಅಮ್ಮನ್ನ ಕರ್ಕೊಂಡು ಯಾಂಕೀ ಸ್ಟೇಡಿಯಂಗೆ ಹೋದ್ರೂ ಕೇಳೋಕೆ ಸಿಗುತ್ತೆ, ಆಸ್ಟ್ರೋಸ್ ಬರೋ ದಿನ ನೋಡ್ಕೊಂಡು ಟಿಕೆಟ್ ತಗೊಳ್ಳಿ ಅಷ್ಟೇ.